ಓದುಗರ ಪ್ರಶ್ನೆ: ಪ್ರಾಗ್‌ನಲ್ಲಿ ಒಬ್ಬರೇ ಒಂದು ದಿನ

ಎರಡು ವರ್ಷದ ಹಿಂದೆ ಅಕ್ಟೋಬರ್‌ನಲ್ಲಿ ನಾನೊಬ್ಬಳೇ ಚೆಕ್ ದೇಶದ ರಾಜಧಾನಿ ಪ್ರಾಗ್ ನೋಡಿ ಬಂದಿದ್ದನ್ನು ಹಿಂದಿನ ಸಂಚಿಕೆಯಲ್ಲಿ ನಾಲ್ಕು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬಂದಿವೆ. ಈ ಸಲದ ಜಾಗ ಪೂರ್ತಿ ಅವಕ್ಕೇ.

ಪ್ರಶ್ನೆ: ನನಗೆ 56 ವರ್ಷ, ಶಾಲೆಯಲ್ಲಿ ಟೀಚರ್. ಮೇ ತಿಂಗಳಲ್ಲಿ ಮಗನ ಜೊತೆ ಪ್ರಾಗ್‌ಗೆ ಹೋಗುತ್ತಿದ್ದೇನೆ. ಅವನಿಗೆ ಅಲ್ಲಿ ಆಫೀಸ್ ಕೆಲಸ. ಒಂದು ಇಡೀ ದಿನ ನಾನೊಬ್ಬಳೇ ಇರಬೇಕು. 'ರೂಮಲ್ಲೇ ರೆಸ್ಟ್ ಮಾಡಮ್ಮ' ಅನ್ನುತ್ತಾನೆ. ನನಗೆ ಊರು ನೋಡುವ ಆಸೆ. ಭಾಷೆ ಬರದ ಕಡೆ ಒಬ್ಬಳೇ ಓಡಾಡಬಹುದಾ? ಏನೇನು ನೋಡಲಿ?
– ಓದುಗರು, ಹಾಸನ

ಉತ್ತರ: ರೂಮಲ್ಲಿ ಮಾತ್ರ ಕೂರಬೇಡಿ ಟೀಚರ್. ನಾನು ಹೋದಾಗ ನನಗೆ 58. ಚೆಕ್ ಭಾಷೆಯಲ್ಲಿ ಕಲಿತಿದ್ದು ಎರಡೇ ಮಾತು. 'ದೊಬ್ರಿ ದೆನ್' ಅಂದರೆ ನಮಸ್ಕಾರ, 'ದ್ಯೆಕುಯಿ' ಅಂದರೆ ಥ್ಯಾಂಕ್ಸ್. ಅಂಗಡಿಯೊಳಗೆ ಕಾಲಿಟ್ಟ ತಕ್ಷಣ ದೊಬ್ರಿ ದೆನ್ ಅನ್ನಿ. ಗಂಟು ಹಾಕಿಕೊಂಡಿದ್ದ ಮುಖ ಅಲ್ಲೇ ಸಡಿಲವಾಗುತ್ತದೆ. ಉಳಿದದ್ದಕ್ಕೆ ನಿಮಗೆ ಬರುವಷ್ಟು ಇಂಗ್ಲಿಷ್ ಸಾಕು.

ನೋಡುವ ಜಾಗ ಮಾತ್ರ ಕಡಿಮೆ ಇಟ್ಟುಕೊಳ್ಳಿ. ಹದಿನೈದು ಜಾಗದ ಪಟ್ಟಿ ಹಿಡಿದು ಓಡಿದರೆ ರಾತ್ರಿಗೆ ಫೋಟೊ ಇರುತ್ತವೆ, ನೆನಪಿರುವುದಿಲ್ಲ. ನಾನು ನೋಡಿದ್ದು ನಾಲ್ಕೇ: ಸೇತುವೆ, ಕೋಟೆ, ಗಡಿಯಾರ, ಯಹೂದಿಗಳ ಕೇರಿ.

ದಿನ ಶುರುವಾಗಬೇಕಾದದ್ದು ಚಾರ್ಲ್ಸ್ ಸೇತುವೆಯಿಂದ. ಬೆಳಗ್ಗೆ ಬೇಗ, ತುಂಬಾ ಬೇಗ. ನಾನು ಆರೂವರೆಗೆ ಹೋದಾಗ ಇನ್ನೂ ಕತ್ತಲು. ಗ್ಯಾಸ್ ದೀಪಗಳು ಉರಿಯುತ್ತಿದ್ದವು, ಕೆಳಗೆ ವ್ಲ್ತಾವಾ ನದಿಯ ಮೇಲೆ ಮಂಜು ಕೂತಿತ್ತು. ಸೇತುವೆ ಮೇಲೆ ನಾನು, ನಾಯಿ ಹಿಡಿದುಕೊಂಡ ಒಬ್ಬರು ಅಜ್ಜ, ಅಷ್ಟೇ. ಹತ್ತು ಗಂಟೆಯ ಮೇಲೆ ಇದೇ ಸೇತುವೆಯಲ್ಲಿ ಜಾತ್ರೆಯ ಹಾಗೆ ಭುಜಕ್ಕೆ ಭುಜ ತಾಗುತ್ತದೆ. ಮೇ ತಿಂಗಳಲ್ಲಿ ಐದೂ ಕಾಲಿಗೆಲ್ಲ ಬೆಳಕಾಗುತ್ತದೆ. ಮಗ ಏಳುವಷ್ಟರಲ್ಲಿ ನೀವು ಒಂದು ಸುತ್ತು ಹೋಗಿ ಬಂದಿರಬಹುದು.

ಈ ಸೇತುವೆಗೂ ಮುಹೂರ್ತದ ಕಥೆ ಇದೆ, ನಿಮಗೆ ಇಷ್ಟವಾಗುತ್ತದೆ. ಕಟ್ಟಿಸಿದವನು ನಾಲ್ಕನೇ ಚಾರ್ಲ್ಸ್ ರಾಜ. ಮೊದಲ ಕಲ್ಲು ಇಟ್ಟಿದ್ದು 1357ರಲ್ಲಿ, ಜುಲೈ 9ರ ಬೆಳಗ್ಗೆ 5 ಗಂಟೆ 31 ನಿಮಿಷಕ್ಕೆ ಅಂತ ಹೇಳುತ್ತಾರೆ. ವರ್ಷ, ದಿನ, ತಿಂಗಳು, ಗಂಟೆ, ನಿಮಿಷ ಸಾಲಾಗಿ ಬರೆದು ನೋಡಿ: 1 3 5 7 9 7 5 3 1. ಮೆಟ್ಟಿಲು ಹತ್ತಿ ಇಳಿದ ಹಾಗಿದೆ ಅಲ್ವಾ? ಸುಮಾರು 516 ಮೀಟರ್ ಉದ್ದ. 1841ರವರೆಗೆ ಈ ಊರಲ್ಲಿ ನದಿ ದಾಟಲು ಇದ್ದದ್ದು ಇದೊಂದೇ ಸೇತುವೆ.

ಎರಡೂ ಬದಿಗೆ ಒಟ್ಟು ಮೂವತ್ತು ಪ್ರತಿಮೆಗಳಿವೆ. ಎಲ್ಲದರ ಮುಂದೆಯೂ ನಿಲ್ಲಬೇಕಿಲ್ಲ. ನೆಪೊಮುಕ್‌ನ ಸಂತ ಜಾನ್ ಪ್ರತಿಮೆ ಹುಡುಕಿ. 1683ರದ್ದು, ಸೇತುವೆ ಮೇಲಿನ ಪ್ರತಿಮೆಗಳಲ್ಲಿ ಎಲ್ಲಕ್ಕಿಂತ ಹಳೆಯದು. 1393ರಲ್ಲಿ ಆಗಿನ ರಾಜನ (ಚಾರ್ಲ್ಸ್‌ನ ಮಗ) ಅಪ್ಪಣೆಯಂತೆ ಈ ಪಾದ್ರಿಯನ್ನು ನದಿಗೆ ಎಸೆದರು. ರಾಣಿ ತಪ್ಪೊಪ್ಪಿಗೆಯಲ್ಲಿ ಹೇಳಿಕೊಂಡ ಗುಟ್ಟನ್ನು ರಾಜನಿಗೆ ಬಿಟ್ಟುಕೊಡಲಿಲ್ಲ ಅನ್ನುವುದು ಜನ ಹೇಳುವ ಕಾರಣ. ಪ್ರತಿಮೆಯ ಬುಡದಲ್ಲಿ ಕಂಚಿನ ಫಲಕಗಳಿವೆ. ಫಲಕವೆಲ್ಲ ಕಪ್ಪು. ಆದರೆ ಅವನನ್ನು ನೀರಿಗೆ ತಳ್ಳುತ್ತಿರುವ ಜಾಗ ಚಿನ್ನದ ಹಾಗೆ ಹೊಳೆಯುತ್ತದೆ. ಬಂದವರೆಲ್ಲ ಮುಟ್ಟಿ ಮುಟ್ಟಿ ಹಾಗಾಗಿದೆ. ನಮ್ಮ ದೇವಸ್ಥಾನದ ಹೊಸ್ತಿಲಿನ ಹಿತ್ತಾಳೆ ತಗಡು ಸವೆದು ಹೊಳೆಯುವುದಿಲ್ವಾ, ಥೇಟ್ ಹಾಗೇ. ನಾನೂ ಮುಟ್ಟಿದೆ. ಬೆಳಗಿನ ಚಳಿಗೆ ಕಂಚು ಕೊರೆಯುತ್ತಿತ್ತು.

ಸೇತುವೆ ದಾಟಿ ತಿಂಡಿ ಮುಗಿಸಿ 22ನೇ ನಂಬರ್ ಟ್ರಾಮ್ ಹತ್ತಿ. 'ಪ್ರಾಜ್‌ಸ್ಕಿ ಹ್ರಾದ್' ಸ್ಟಾಪಿನಲ್ಲಿ ಇಳಿಯಿರಿ. ಕೋಟೆಗೆ ಟ್ರಾಮ್‌ನಲ್ಲಿ ಹತ್ತಿ ನಡೆದು ಇಳಿಯುವುದು ನಮ್ಮ ವಯಸ್ಸಿನ ಮಂಡಿಗೆ ಒಳ್ಳೆಯದು. ಕಾಗದದ ಟಿಕೆಟ್ ಕೊಂಡಿದ್ದರೆ ಹತ್ತಿದ ಕೂಡಲೇ ಒಳಗಿರುವ ಹಳದಿ ಪೆಟ್ಟಿಗೆಗೆ ತೂರಿಸಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಇಲ್ಲದಿದ್ದರೆ ಟಿಕೆಟ್ ಕೈಯಲ್ಲಿದ್ದರೂ ದಂಡ ತಪ್ಪದು. ಈ ಟ್ರಾಮ್‌ನಲ್ಲಿ ಜೇಬುಗಳ್ಳರ ಕಾಟ ಇದೆ, ಬ್ಯಾಗು ಎದೆ ಮೇಲಿರಲಿ.

ಕೋಟೆಯೊಳಗೆ ಸಂತ ವೀಟಸ್ ಚರ್ಚು ಒಂದನ್ನೇ ಸಮಾಧಾನವಾಗಿ ನೋಡಿದರೂ ಸಾಕು. 1344ರಲ್ಲಿ ಶುರುಮಾಡಿ 1929ರಲ್ಲಿ ಮುಗಿಸಿದರು. ಹತ್ತಿರ ಹತ್ತಿರ ಆರುನೂರು ವರ್ಷ! ಎಡಗಡೆ ಸಾಲಿನಲ್ಲಿ ಆಲ್ಫೋನ್ಸ್ ಮುಖಾ ಅನ್ನುವ ಚೆಕ್ ಚಿತ್ರಕಾರನ ಬಣ್ಣದ ಗಾಜಿನ ಕಿಟಕಿ ಇದೆ. ನಾನು ಹೋದಾಗ ಮೋಡ ಸರಿದು ಬಿಸಿಲು ಬಿತ್ತು. ನೀಲಿ, ಹಸಿರು ಬೆಳಕು ಕಲ್ಲಿನ ನೆಲದ ಮೇಲೆ ಹರಡಿ, ನನ್ನ ಶಾಲಿನ ಮೇಲೂ ಬಂತು. ಅರ್ಧ ಗಂಟೆ ಅಲ್ಲೇ ಇದ್ದೆ. ಜೊತೆಯಲ್ಲಿ ಯಾರಾದರೂ ಇದ್ದಿದ್ದರೆ 'ಹೋಗೋಣ್ವಾ' ಅಂತ ಖಂಡಿತ ಕೇಳಿರುತ್ತಿದ್ದರು. ಭಾನುವಾರ ಮಧ್ಯಾಹ್ನದ ಮೇಲಷ್ಟೇ ಬರುವವರನ್ನು ಬಿಡುತ್ತಾರೆ, ದಿನ ನೋಡಿಕೊಳ್ಳಿ.

ಇಳಿಯುವಾಗ ನೆರುಡೋವಾ ಬೀದಿಯಲ್ಲಿ ಬನ್ನಿ. ಮನೆ ನಂಬರ್ ಬರುವ ಮೊದಲು ಇಲ್ಲಿನ ಮನೆಗಳಿಗೆ ಚಿಹ್ನೆಗಳೇ ವಿಳಾಸ. ಬಾಗಿಲ ಮೇಲೆ ಎರಡು ಸೂರ್ಯ, ಚಿನ್ನದ ಬೀಗದ ಕೈ, ಮೂರು ಪಿಟೀಲು. ಪಿಟೀಲಿನ ಮನೆಯಲ್ಲಿ ನಿಜವಾಗಿಯೂ ಪಿಟೀಲು ಮಾಡುವ ಕುಟುಂಬವಿತ್ತು. ನೆಲವೆಲ್ಲ ಗುಂಡುಕಲ್ಲಿನ ಹಾಸು. ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ.

ಹಳೇ ಪೇಟೆಯ ಚೌಕದ ಗಡಿಯಾರಕ್ಕೆ ಗಂಟೆಗೆ ಐದು ನಿಮಿಷ ಮುಂಚೆ ಹೋದರೆ ಸಾಕು. 1410ರ ಯಂತ್ರ, ಇನ್ನೂ ನಡೆಯುತ್ತಿದೆ. ಗಂಟೆಯಾದಾಗ ಪಕ್ಕದ ಅಸ್ಥಿಪಂಜರ ಹಗ್ಗ ಎಳೆದು ಗಂಟೆ ಬಾರಿಸುತ್ತದೆ. ಮೇಲಿನ ಕಿಟಕಿಗಳಲ್ಲಿ ಏಸುವಿನ ಶಿಷ್ಯರು ಒಬ್ಬೊಬ್ಬರಾಗಿ ಬಂದು ಹೋಗುತ್ತಾರೆ, ಕೊನೆಗೆ ಹುಂಜ ಕೂಗುತ್ತದೆ. ಒಂದು ನಿಮಿಷದೊಳಗೆ ಎಲ್ಲ ಮುಗಿಯುತ್ತದೆ, ಜನ ಚದುರುತ್ತಾರೆ. ನೀವು ಆಗ ಹತ್ತಿರ ಹೋಗಿ. ಆ ಮುಖದ ಮೇಲೆ ಹನ್ನೆರಡು ರಾಶಿಗಳಿವೆ, ಸೂರ್ಯ ಯಾವ ರಾಶಿಯಲ್ಲಿದ್ದಾನೆ, ಚಂದ್ರ ಎಲ್ಲಿದ್ದಾನೆ ಎಲ್ಲ ತೋರಿಸುತ್ತದೆ. ಹೊರಗಿನ ಸುತ್ತು ಸೂರ್ಯ ಮುಳುಗಿದಾಗಿಂದ ಗಂಟೆ ಎಣಿಸುವ ಹಳೇ ಚೆಕ್ ಲೆಕ್ಕದ್ದು. ಪಂಚಾಂಗ ನೋಡಿ ಗೊತ್ತಿರುವವರಿಗೆ ಅದರ ಮುಂದೆ ಹೊತ್ತು ಹೋಗುವುದೇ ತಿಳಿಯುವುದಿಲ್ಲ.

ಪ್ರಶ್ನೆ: ಯಹೂದಿ ಸ್ಮಶಾನಕ್ಕೆ ಟಿಕೆಟ್ ಇದೆಯಂತೆ. ಸ್ಮಶಾನ ನೋಡಲು ದುಡ್ಡು ಕೊಡಬೇಕಾ ಮೇಡಂ?
– ಓದುಗರು, ಶಿವಮೊಗ್ಗ

ಉತ್ತರ: ಕೊಡಿ. ಬೇರೆ ಯಾವುದಕ್ಕೆ ಬಿಟ್ಟರೂ ಇದಕ್ಕೆ ಬಿಡಬೇಡಿ. ಅಲ್ಲಿ ಯಹೂದಿಗಳಿಗೆ ಹೂಳಲು ಬೇರೆ ಜಾಗ ಕೊಡುತ್ತಿರಲಿಲ್ಲ. ಹಳೆಯ ಗೋರಿಗಳ ಮೇಲೆ ಮಣ್ಣು ಹಾಕಿ ಮತ್ತೆ ಹೂಳಿದರು, ಕೆಲವು ಕಡೆ ಹನ್ನೆರಡು ಪದರದವರೆಗೆ. ಹಾಗಾಗಿ ಸುಮಾರು 12,000 ಕಲ್ಲುಗಳು ಒಂದಕ್ಕೊಂದು ಒರಗಿಕೊಂಡು ನಿಂತಿವೆ. ಅತಿ ಹಳೆಯ ಕಲ್ಲು 1439ರದ್ದು.

ಅದೇ ಟಿಕೆಟ್‌ನಲ್ಲಿ ಪಕ್ಕದ ಪಿಂಕಾಸ್ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ನೋಡಬಹುದು. ಹಿಟ್ಲರನ ಕಾಲದಲ್ಲಿ ಕೊಂದ ಈ ನಾಡಿನ ಯಹೂದಿಗಳ ಹೆಸರುಗಳನ್ನು ಗೋಡೆ ತುಂಬ ಕೈಯಲ್ಲೇ ಬರೆದಿದ್ದಾರೆ. ಸುಮಾರು 80,000 ಹೆಸರು. ದೂರದಿಂದ ಗೋಡೆಗೆ ಬೂದು ಬಣ್ಣ ಬಳಿದ ಹಾಗೆ ಕಾಣುತ್ತದೆ. ಹತ್ತಿರ ಹೋದರೆ ಮನೆತನದ ಹೆಸರು ಕೆಂಪಿನಲ್ಲಿ, ಅದರ ಮುಂದೆ ಒಬ್ಬೊಬ್ಬರ ಹೆಸರು, ಹುಟ್ಟಿದ ದಿನ. ಒಂದು ಕಡೆ ಹುಟ್ಟಿದ ವರ್ಷ 1938 ಅಂತ ಇತ್ತು. ಮಹಡಿಯಲ್ಲಿ, ಯಹೂದಿಗಳನ್ನು ಕೂಡಿಹಾಕಿದ್ದ ತೆರೆಜೀನ್ ಶಿಬಿರದ ಮಕ್ಕಳು ಬರೆದ ಚಿತ್ರಗಳಿವೆ. ಮನೆ, ಮರ, ಚಿಟ್ಟೆ. ನಮ್ಮ ಮಕ್ಕಳು ಬರೆಯುವಂಥವೇ. ಅಲ್ಲಿಂದ ಹೊರಗೆ ಬಂದ ಮೇಲೆ ತುಂಬಾ ಹೊತ್ತು ನನಗೆ ಏನೂ ಬೇಕೆನಿಸಲಿಲ್ಲ. ಶನಿವಾರ ರಜೆ.

ಪ್ರಶ್ನೆ: ದುಡ್ಡು ಬದಲಾಯಿಸುವಾಗ ಮೋಸ ಮಾಡ್ತಾರಂತೆ, ಹೌದಾ?
– ಓದುಗರು, ಧಾರವಾಡ

ಉತ್ತರ: ನನಗೇ ಆಗಿದೆ. ಅಲ್ಲಿ ನಡೆಯುವುದು ಕೊರುನಾ, ಯೂರೋ ಅಲ್ಲ. 'ಕಮಿಷನ್ ಇಲ್ಲ' ಅಂತ ದೊಡ್ಡದಾಗಿ ಬರೆದಿದ್ದ ಒಂದು ಅಂಗಡಿಯಲ್ಲಿ 100 ಯೂರೋ ಕೊಟ್ಟೆ. 2,400ಕ್ಕಿಂತ ಜಾಸ್ತಿ ಕೊರುನಾ ಬರಬೇಕಿತ್ತು, ಕೈಗೆ ಬಂದಿದ್ದು 1,900. ಸಪ್ಪೆ ಮುಖ ಮಾಡಿಕೊಂಡು ಹೋಟೆಲಿಗೆ ಬಂದಾಗ ಕೌಂಟರಿನ ಹುಡುಗಿ 'ರಸೀದಿ ಇದೆಯಾ? ಈಗಲೇ ಓಡಿ' ಅಂದಳು. 2019ರಿಂದ ಅಲ್ಲಿ ಒಂದು ಕಾನೂನಿದೆ. 1,000 ಯೂರೋವರೆಗಿನ ಹಣ ಬದಲಾಯಿಸಿದ್ದರೆ ಮೂರು ಗಂಟೆಯೊಳಗೆ ವಾಪಸ್ ಕೇಳಬಹುದು. ಹೋಗಿ ರಸೀದಿ ಇಟ್ಟೆ, ಮಾತಿಲ್ಲದೆ 100 ಯೂರೋ ತಿರುಗಿ ಕೊಟ್ಟರು. ರಸೀದಿ ಬಿಸಾಡಬೇಡಿ. ಅದಕ್ಕಿಂತ ಕಾರ್ಡೇ ವಾಸಿ, ಟ್ರಾಮ್‌ನಲ್ಲೂ ನಡೆಯುತ್ತದೆ. ಮಷೀನು 'ರೂಪಾಯಿಯಲ್ಲಾ, ಕೊರುನಾದಲ್ಲಾ' ಅಂತ ಕೇಳಿದರೆ ಕೊರುನಾ ಒತ್ತಿ. ಶೌಚಾಲಯಕ್ಕೆ ಸ್ವಲ್ಪ ಚಿಲ್ಲರೆ ಇರಲಿ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಊಟಕ್ಕೆ ಏನು ಮಾಡುವುದು?
– ಓದುಗರು, ಉಡುಪಿ

ಉತ್ತರ: 'ಬೆಜ್ ಮಸಾ', ಮಾಂಸ ಇಲ್ಲದೆ, ಅನ್ನುವ ಮಾತು ಬಾಯಿಪಾಠ ಮಾಡಿಕೊಳ್ಳಿ. ಸೂಪಿನ ಮಟ್ಟಿಗೆ ಅದೂ ಸಾಲದು. ಮಾಂಸ ಬೇಯಿಸಿದ ನೀರಿನಲ್ಲೇ ಮಾಡಿರುತ್ತಾರೆ, ಬಿಟ್ಟುಬಿಡಿ. ಚೀಸ್ ತುಂಡಿಗೆ ಬ್ರೆಡ್ ಪುಡಿ ಮೆತ್ತಿ ಕರಿದು ಆಲೂಗಡ್ಡೆ ಜೊತೆ ಕೊಡುವ 'ಸ್ಮಾಜೆನಿ ಸೀರ್' ಎಲ್ಲ ಕಡೆ ಸಿಗುತ್ತದೆ. ನನಗೆ ಹಿಡಿಸಿದ್ದು ಹಣ್ಣಿನ ಕ್ನೆಡ್ಲಿಕಿ. ಹಿಟ್ಟಿನ ಉಂಡೆಯೊಳಗೆ ಪ್ಲಮ್ಮೋ ಸ್ಟ್ರಾಬೆರಿಯೋ ಇಟ್ಟು ಬೇಯಿಸಿ, ಮೇಲೆ ಬೆಣ್ಣೆ, ಸಕ್ಕರೆ ಹಾಕುತ್ತಾರೆ. ಮುರಿದರೆ ಕಡುಬಿನ ಹೂರಣದ ಹಾಗೆ ಬಿಸಿ ರಸ ಹೊರಗೆ ಬರುತ್ತದೆ. ಇವೆರಡಕ್ಕೂ ಮೊಟ್ಟೆ ಹಾಕುವುದುಂಟು, ತಿನ್ನದವರು ಕೇಳಿಕೊಳ್ಳಿ.

ಪ್ರಶ್ನೆ: ನಮ್ಮೂರಿಗೂ ಪ್ರಾಗ್‌ಗೂ ಏನೋ ನಂಟಿದೆ ಅಂತ ಬರೆದು ಅಲ್ಲಿಗೇ ನಿಲ್ಲಿಸಿದ್ದಿರಿ. ಏನದು?
– ಓದುಗರು, ಮೈಸೂರು

ಉತ್ತರ: ಜಾವಾ ಬೈಕು! 1929ರಲ್ಲಿ ಪ್ರಾಗ್‌ನಲ್ಲಿ ಯಾನೆಚೆಕ್ ಅನ್ನುವವರು ವಾಂಡರರ್ ಅನ್ನುವ ಜರ್ಮನ್ ಕಂಪನಿಯಿಂದ ಬೈಕ್ ಮಾಡುವ ಹಕ್ಕು ಕೊಂಡು ಕಾರ್ಖಾನೆ ಶುರುಮಾಡಿದರು. ಎರಡು ಹೆಸರಿನ ಮೊದಲ ಅಕ್ಷರಗಳು, Ja ಮತ್ತು Wa, ಸೇರಿ Jawa ಆಯಿತು, ನಮ್ಮ ಬಾಯಲ್ಲಿ ಜಾವಾ. ಅದೇ ಬೈಕನ್ನು 1961ರಿಂದ ನಮ್ಮ ಮೈಸೂರಿನಲ್ಲಿ ಮಾಡಿದರು, ಆಮೇಲೆ ಯೆಜ್ಡಿ ಅಂತ ಹೆಸರಾಯಿತು. ನನ್ನ ಅಪ್ಪ ಆ ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದರು. ಅವರ ಅಂಗಿಯ ಆಯಿಲ್ ವಾಸನೆ ನನಗೆ ಮನೆಯ ವಾಸನೆಯೇ.

ನೆರುಡೋವಾ ಬೀದಿಯ ಪಕ್ಕದ ಓಣಿಯಲ್ಲಿ ಒಂದು ಹಳೇ ಜಾವಾ 250 ನಿಂತಿತ್ತು. ಅದೇ ಕಡು ಕೆಂಪು. ಆ ಬೈಕಿನ ಒಡೆಯ, ಒಬ್ಬ ಹುಡುಗ, ಬಂದ. ಕಿಕ್ಕರ್ ತೋರಿಸಿ, ಅದನ್ನು ಮುಂದಕ್ಕೆ ತಿರುಗಿಸಿದರೆ ಅದೇ ಗೇರ್ ಆಗುತ್ತೆ ಅಂತ ಕೈಯಲ್ಲೇ ಮಾಡಿ ತೋರಿಸಿದೆ. ಅವನ ಕಣ್ಣು ಇಷ್ಟಗಲ ಆಯಿತು. 'ಮೈಸೂರು, ಅಪ್ಪ, ಫ್ಯಾಕ್ಟರಿ' ಅಂದೆ. ಅವನೇ ನನ್ನನ್ನು ಸೀಟಿನ ಮೇಲೆ ಕೂರಿಸಿ ಫೋಟೊ ತೆಗೆದುಕೊಟ್ಟ.

ಆ ಫೋಟೊ ಅಲ್ಲಿಂದಲೇ ಅಪ್ಪನಿಗೆ ಕಳಿಸಿದೆ. ಆಗ ಅವರಿಗೆ 84. ಹತ್ತು ನಿಮಿಷಕ್ಕೆ ಫೋನ್ ಬಂತು. 'ಟ್ಯಾಂಕ್ ಬಣ್ಣ ಸರಿಯಾಗಿದೆ. ಸೀಟು ಬದಲಾಯಿಸಿದ್ದಾರೆ, ಅದು ಅದರದ್ದಲ್ಲ. ಹೋಗಲಿ, ಸ್ಟಾರ್ಟ್ ಮಾಡಿಸಿದ್ಯಾ? ಸದ್ದು ಹೇಗಿತ್ತು?'