ಓದುಗರ ಪ್ರಶ್ನೆ: ಟೆಕ್ಸಾಸ್ ಗನ್ ಲೈಸೆನ್ಸ್ ನ್ಯೂಜೆರ್ಸೀಲಿ ನಡೆಯುತ್ತಾ?

ಪ್ರಶ್ನೆ: ನಮಸ್ಕಾರ ಸರ್. ನಾವಿರೋದು ಡಲ್ಲಾಸ್ ಹತ್ರ, ಗ್ರೀನ್ ಕಾರ್ಡ್ ಇದೆ. ನನ್ನ ಹೆಸರಲ್ಲಿ ಒಂದು ಪಿಸ್ತೂಲ್ ಇದೆ, ಜೊತೇಲಿ ಇಟ್ಕೊಂಡು ಓಡಾಡೋಕೆ ಟೆಕ್ಸಾಸ್ ಲೈಸೆನ್ಸೂ ಇದೆ. ರಜೆಗೆ ಕಾರಲ್ಲೇ ನ್ಯೂಜೆರ್ಸಿಗೆ ಅಕ್ಕನ ಮನೆಗೆ ಹೊರಟಿದೀವಿ, ದಾರೀಲಿ ಹೋಟೆಲಲ್ಲಿ ಉಳ್ಕೋಬೇಕು, ಚಿಕ್ಕ ಮಕ್ಕಳಿದಾರೆ ಅಂತ ಗನ್ ಇಟ್ಕೊಳ್ಳೋಣ ಅಂತಿದೀನಿ. ಇನ್ನೊಂದು, ಭಾವ ಎಚ್-1ಬಿ ವರ್ಕ್ ವೀಸಾ ಮೇಲಿದಾರೆ, ಅವರಿಗೂ ಇಲ್ಲೇ ಒಂದು ತೆಗೆದು ಕೊಡಬಹುದಾ?

ಉತ್ತರ: ಎರಡೂ ಬೇಡ. ಪಿಸ್ತೂಲನ್ನ ಮನೇಲೇ ಸೇಫಲ್ಲಿಟ್ಟು ಬೀಗ ಹಾಕಿ ಹೊರಡಿ.

ಡ್ರೈವಿಂಗ್ ಲೈಸೆನ್ಸ್ ಆದ್ರೆ ಅಮೆರಿಕದಲ್ಲಿ ಎಲ್ಲಿ ಹೋದ್ರೂ ನಡೆಯುತ್ತೆ, ಗನ್ ಲೈಸೆನ್ಸ್ ಹಾಗಲ್ಲ, ಯಾವ ರಾಜ್ಯದ್ದನ್ನ ಒಪ್ಪಬೇಕು ಅಂತ ಆಯಾ ರಾಜ್ಯವೇ ತೀರ್ಮಾನ ಮಾಡುತ್ತೆ. ಅರ್ಕಾನ್ಸಾ, ಟೆನೆಸ್ಸೀಲಿ ನಿಮಗೆ ತೊಂದರೆ ಇಲ್ಲ. ಆದ್ರೆ ಐ-81 ಹೈವೇ ಹಿಡಿದ್ರೆ ಮೇರಿಲ್ಯಾಂಡ್ ಸಿಗುತ್ತೆ, ಬರೀ ಹನ್ನೆರಡು ಮೈಲಿ ಅಷ್ಟೇ, ಕಾಲು ಗಂಟೇಲಿ ದಾಟಿಬಿಡ್ತೀರಿ, ಆದ್ರೂ ಆ ರಾಜ್ಯ ಬೇರೆಯವರ ಲೈಸೆನ್ಸ್ ಒಪ್ಪಲ್ಲ. ನ್ಯೂಜೆರ್ಸೀನೂ ಒಪ್ಪಲ್ಲ. ಅಲ್ಲಿನ ಪರ್ಮಿಟ್ ಇಲ್ಲದೆ ಪಿಸ್ತೂಲ್ ಇಟ್ಕೊಂಡು ಓಡಾಡೋದು 5ರಿಂದ 10 ವರ್ಷ ಜೈಲಿನ ಅಪರಾಧ, ಮಾಮೂಲಿಯಾಗಿ ಮೂರೂವರೆ ವರ್ಷದ ತನಕ ಪೆರೋಲೂ ಸಿಗಲ್ಲ. 10 ಗುಂಡಿಗಿಂತ ಜಾಸ್ತಿ ಹಿಡಿಯೋ ಮ್ಯಾಗಜೀನ್ (ಗನ್ನಿಗೆ ಗುಂಡು ತುಂಬೋ ಡಬ್ಬಿ) ಅಲ್ಲಿ ನಿಷಿದ್ಧ, ಟೆಕ್ಸಾಸ್ ಅಂಗಡೀಲಿ ಸ್ವರಕ್ಷಣೆಗೆ ಅಂತ ಕೊಡೋ, ತುದಿ ಟೊಳ್ಳಾಗಿರೋ ಹಾಲೋ ಪಾಯಿಂಟ್ ಬುಲೆಟ್ ಹಿಡ್ಕೊಂಡು ಓಡಾಡೋದೂ ಕೇಸೇ. ಹೊರರಾಜ್ಯದವರು ಅಲ್ಲಿನ ಸ್ಟೇಟ್ ಪೊಲೀಸ್‌ಗೆ ಅರ್ಜಿ ಹಾಕಿ ಪರ್ಮಿಟ್ ತಗೋಬಹುದು, ಆದ್ರೆ ಟ್ರೇನಿಂಗು, ರೆಫರೆನ್ಸು ಎಲ್ಲ ಬೇಕು, ಒಂದು ರಜೆಯ ಸಲುವಾಗಿ ಆಗೋ ಕೆಲಸ ಅಲ್ಲ.

2013ರಲ್ಲಿ ಫಿಲಡೆಲ್ಫಿಯಾದ ಒಬ್ಬ ತಾಯಿ, ಪೆನ್ಸಿಲ್ವೇನಿಯಾ ಲೈಸೆನ್ಸ್ ಇದ್ದೋರು, ನ್ಯೂಜೆರ್ಸೀಲಿ ಟ್ರಾಫಿಕ್ ಪೊಲೀಸ್ ಕಾರು ನಿಲ್ಲಿಸಿದಾಗ ಗನ್ ಇದೆ ಅಂತ ತಾವಾಗೇ ಹೇಳಿದ್ರು, ಅಲ್ಲೇ ಅರೆಸ್ಟ್. 2015ರಲ್ಲಿ ಗವರ್ನರ್ ಕ್ರಿಸ್ ಕ್ರಿಸ್ಟಿ ಕ್ಷಮಾದಾನ ಕೊಟ್ಟಿದ್ದಕ್ಕೆ ಬಚಾವಾದ್ರು. ಪ್ರಾಮಾಣಿಕವಾಗಿ ನಡ್ಕೊಂಡವರಿಗೇ ಈ ಗತಿ ಬಂದಿದ್ದು ನೋಡಿದ್ರೆ ನಂಗೆ ಇವತ್ತಿಗೂ ಸಂಕಟ ಆಗುತ್ತೆ.

1986ರ ಫೆಡರಲ್ ಕಾನೂನು, ಅಂದ್ರೆ ಇಡೀ ದೇಶಕ್ಕೆ ಅನ್ವಯಿಸೋದು, ಇದೆಯಲ್ಲ ಅಂತ ಯಾರಾದ್ರೂ ಹೇಳಬಹುದು. ಗುಂಡು ತೆಗೆದು, ಕೈಗೆ ಸಿಗದ ಹಾಗೆ ಡಿಕ್ಕೀಲಿಟ್ರೆ ರಾಜ್ಯ ದಾಟಬಹುದು ಅನ್ನೋದು ನಿಜ, ಆದ್ರೆ ಹೊರಡೋ ಜಾಗ ಮತ್ತೆ ತಲುಪೋ ಜಾಗ ಎರಡರಲ್ಲೂ ನಿಮಗೆ ಗನ್ ಹಿಡ್ಕೊಂಡು ಓಡಾಡೋ ಹಕ್ಕಿರಬೇಕು, ನೀವು ತಲುಪೋದೇ ನ್ಯೂಜೆರ್ಸಿ. ಹೋಟೆಲ್ ಕಥೆ ಇನ್ನೂ ಕಷ್ಟ. 2005ರಲ್ಲಿ ಯೂಟಾ ರಾಜ್ಯದವರೊಬ್ಬರು ವಿಮಾನದಲ್ಲಿ ನ್ಯೂಜೆರ್ಸಿಯ ನ್ಯೂವರ್ಕ್ ಮೂಲಕ ಪೆನ್ಸಿಲ್ವೇನಿಯಾಗೆ ಹೊರಟಿದ್ರು, ಮುಂದಿನ ಫ್ಲೈಟ್ ತಪ್ಪಿ, ಗನ್ ಇದ್ದ ಬ್ಯಾಗ್ ವಾಪಸ್ ತಗೊಂಡು ರಾತ್ರಿ ಹೋಟೆಲಲ್ಲಿ ಉಳ್ಕೊಂಡ್ರು. ಬೆಳಿಗ್ಗೆ ಏರ್‌ಪೋರ್ಟಲ್ಲಿ ಗನ್ ಇದೆ ಅಂದ ತಕ್ಷಣ ಅರೆಸ್ಟ್, ಜೈಲು. ಕೇಸೇನೋ ಬಿದ್ದುಹೋಯ್ತು, ಆದ್ರೆ ಅರೆಸ್ಟ್ ಮಾಡಿದ್ದು ತಪ್ಪು ಅಂತ ಅವರು ಹೂಡಿದ ದಾವೆ 2010ರಲ್ಲಿ ಸೋತುಹೋಯ್ತು, ಹೋಟೆಲಲ್ಲಿ ಬ್ಯಾಗ್ ಕೈಗೆ ಸಿಗೋ ಹಾಗಿತ್ತು ಅಂತ ಕೋರ್ಟ್ ಹೇಳ್ತು.

ಇನ್ನು ಭಾವನ ವಿಷಯ. ಎಚ್-1ಬಿ, ಎಫ್-1 (ಸ್ಟೂಡೆಂಟ್ ವೀಸಾ), ವಿಸಿಟರ್ ವೀಸಾದವರು ಗನ್ ಕೊಳ್ಳೋದಿರಲಿ ಇಟ್ಕೊಳ್ಳೋದೂ 1998ರಿಂದ ಫೆಡರಲ್ ಅಪರಾಧ, ಬೇಟೆ ಲೈಸೆನ್ಸ್ ಥರದ ಕೆಲವು ವಿನಾಯಿತಿ ಬಿಟ್ರೆ. ಅಪ್ಪ ಅಮ್ಮ ಬಂದಾಗ ಶೂಟಿಂಗ್ ರೇಂಜಿಗೆ ಕರ್ಕೊಂಡ್ಹೋಗಿ ಬಾಡಿಗೆ ಗನ್ ಕೈಗೆ ಕೊಡೋರು ಇದನ್ನ ನೆನಪಿಟ್ಕೊಳ್ಳಿ. ನಿಮ್ಮ ಹೆಸರಲ್ಲಿ ತಗೊಂಡು ಭಾವನಿಗೆ ಕೊಡೋದಂತೂ ಬೇಡವೇ ಬೇಡ, ಅಂಗಡೀಲಿ ತುಂಬೋ 4473 ಫಾರ್ಮಲ್ಲಿ ನಿಜವಾದ ಖರೀದಿದಾರ ನೀವೇನಾ ಅಂತ ಕೇಳ್ತಾರೆ, ಕೊಳ್ಳೋ ಹಕ್ಕಿಲ್ಲದವರಿಗೋಸ್ಕರ ತಗೊಂಡ್ರೆ 2022ರ ಕಾನೂನಲ್ಲಿ 15 ವರ್ಷದವರೆಗೂ ಜೈಲು. ನಾಳೆ ಅವರಿಗೆ ಗ್ರೀನ್ ಕಾರ್ಡ್ ಬಂದ್ರೂ ನ್ಯೂಜೆರ್ಸೀಲೇ ಪರ್ಮಿಟ್ ಮಾಡಿಸಿ, ಅಲ್ಲಿನ ಡೀಲರ್ ಮೂಲಕವೇ ಪಿಸ್ತೂಲ್ ತಗೋಬೇಕು. ಎಲ್ಲಕ್ಕಿಂತ ದೊಡ್ಡದು, ನೀವಿನ್ನೂ ಸಿಟಿಜನ್ ಅಲ್ಲ, ಗನ್ ಕೇಸಲ್ಲಿ ಶಿಕ್ಷೆ ಆದ್ರೆ ಅದೊಂದೇ ಸಾಕು ಗಡೀಪಾರಿಗೆ.

ಹೊರಡೋ ಹಿಂದಿನ ದಿನ ಕಾರಿನ ಗ್ಲೋವ್ ಬಾಕ್ಸು, ಡಿಕ್ಕಿ, ಬ್ಯಾಗಿನ ಜೇಬು ಎಲ್ಲ ಒಂದ್ಸಲ ತಡಕಿ ನೋಡಿ, ಹಳೇ ಮ್ಯಾಗಜೀನೋ ಬುಲೆಟ್ಟೋ ಉಳ್ಕೊಂಡಿದ್ರೆ ತೆಗೆದು ಅದೇ ಸೇಫಿಗೆ ಹಾಕಿ.