ಬಯೋಟೆಕ್ ಓದಿದವರು ಬೆಂಗಳೂರಿಗೇ ಹೋಗಬೇಕೆ?

ಪ್ರಶ್ನೆ: ನಾನು ರಾಣೆಬೆನ್ನೂರು ತಾಲ್ಲೂಕಿನವಳು. ಧಾರವಾಡದಲ್ಲಿ ಬಿ.ಎಸ್‌ಸಿ. ಕೊನೆಯ ವರ್ಷದಲ್ಲಿ ಜೈವಿಕ ತಂತ್ರಜ್ಞಾನ ಮತ್ತು ಸಸ್ಯಶಾಸ್ತ್ರ ಓದುತ್ತಿದ್ದೇನೆ. ಮನೆಯಲ್ಲಿ ನೆಟ್ ಹಾಕಿ ಟೊಮೆಟೊ, ಮೆಣಸಿನಕಾಯಿ ಬೀಜೋತ್ಪಾದನೆ ಮಾಡುತ್ತಾರೆ. ರಜೆಯಲ್ಲಿ ನಾನೂ ಕ್ರಾಸಿಂಗ್ (ಕೈಯಿಂದ ಪರಾಗಸ್ಪರ್ಶ ಮಾಡಿಸುವ) ಕೆಲಸಕ್ಕೆ ಹೋಗುತ್ತೇನೆ. ಬೆಂಗಳೂರು, ಹೈದರಾಬಾದ್ ಬಿಟ್ಟರೆ ಬಯೋಟೆಕ್‌ನವರಿಗೆ ಕೆಲಸವಿಲ್ಲ, ಎಂ.ಎಸ್‌ಸಿ. ಮಾಡದೆ ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ ಎಂದು ಸೀನಿಯರ್‌ಗಳು ಹೇಳುತ್ತಾರೆ. ಇದು ನಿಜವೇ?

ಉತ್ತರ: ಔಷಧ ತಯಾರಿಕೆಯನ್ನಷ್ಟೇ ಬಯೋಟೆಕ್ ಎಂದುಕೊಂಡರೆ ಊರುಗಳ ಬಗೆಗಿನ ಅವರ ಮಾತು ಬಹುಮಟ್ಟಿಗೆ ನಿಜ. 1978ರಲ್ಲಿ ಬೆಂಗಳೂರಿನಲ್ಲಿ ಕಿಣ್ವಗಳನ್ನು ತಯಾರಿಸುವ ಸಣ್ಣ ಘಟಕವಾಗಿ ಆರಂಭವಾದ ಬಯೋಕಾನ್ ಇಂದು ಇನ್ಸುಲಿನ್‌ನಂಥ ಔಷಧಗಳನ್ನು ತಯಾರಿಸುತ್ತಿದೆ. ಅಂಥ ದೊಡ್ಡ ಕಾರ್ಖಾನೆಗಳು ಬೆಂಗಳೂರು, ಹೈದರಾಬಾದುಗಳ ಸುತ್ತಲೇ ಹೆಚ್ಚು. ಅಲ್ಲಿ ಫರ್ಮೆಂಟರಿನಲ್ಲಿ ಜೀವಕೋಶಗಳನ್ನು ಬೆಳೆಸುವ ವಿಭಾಗವನ್ನು ಅಪ್‌ಸ್ಟ್ರೀಮ್ ಎಂದೂ, ಬೆಳೆದದ್ದರಿಂದ ಬೇಕಾದ ಪ್ರೋಟೀನನ್ನು ಬೇರ್ಪಡಿಸಿ ಶುದ್ಧಗೊಳಿಸುವ ವಿಭಾಗವನ್ನು ಡೌನ್‌ಸ್ಟ್ರೀಮ್ ಎಂದೂ ಕರೆಯುತ್ತಾರೆ. ಸಿದ್ಧವಾದ ಸರಕನ್ನು ಪರೀಕ್ಷಿಸುವುದು ಕ್ಯೂ.ಸಿ. ವಿಭಾಗದ ಕೆಲಸ, ಎಲ್ಲವೂ ಲಿಖಿತ ವಿಧಾನದಂತೆಯೇ ನಡೆಯಿತೆಂದು ಕಾಗದಪತ್ರಗಳನ್ನು ನೋಡಿ ಖಚಿತಪಡಿಸುವುದು ಕ್ಯೂ.ಎ. ವಿಭಾಗದ ಕೆಲಸ. ಉತ್ಪಾದನೆ ಮತ್ತು ಕ್ಯೂ.ಸಿ. ವಿಭಾಗಗಳಲ್ಲಿ ಬಿ.ಎಸ್‌ಸಿ. ಪದವೀಧರರನ್ನು ತೆಗೆದುಕೊಳ್ಳುತ್ತಾರೆ, ಪಾಳಿ ಕೆಲಸಕ್ಕೆ ಒಗ್ಗಿಕೊಳ್ಳಬೇಕಾಗುತ್ತದೆ, ಅಷ್ಟೆ.

ಆದರೆ ನಿಮ್ಮ ಮನೆಯ ಹಿತ್ತಿಲಲ್ಲಿಯೇ ಇರುವ ಬೀಜೋದ್ಯಮವನ್ನು ನೀವೇಕೆ ಲೆಕ್ಕಕ್ಕೆ ಹಿಡಿಯಲಿಲ್ಲವೋ ತಿಳಿಯದು. ಸಂಜೆ ಹೆಣ್ಣು ಸಾಲಿನ ಮೊಗ್ಗಿನಿಂದ ಕೇಸರಗಳನ್ನು ಚಿಮಟದಲ್ಲಿ ಕಿತ್ತು, ಮರುದಿನ ಬೆಳಿಗ್ಗೆ ಗಂಡು ಸಾಲಿನ ಪರಾಗವನ್ನು ಮುಟ್ಟಿಸುವ ಕೆಲಸ ನಿಮಗೆ ಗೊತ್ತು. ಒಂದೇ ಒಂದು ಕೇಸರ ಉಳಿದರೂ ಆ ಹೂವು ತನ್ನದೇ ಪರಾಗದಿಂದ ಕಾಯಿ ಕಟ್ಟಬಹುದು. ಹಾಗೆ ಹುಟ್ಟಿದ ಬೀಜ ನೋಡಲು ಹೈಬ್ರಿಡ್ ಬೀಜದಂತೆಯೇ ಇರುತ್ತದೆ. ಹಿಂದೆ ಇದನ್ನು ಪತ್ತೆ ಹಚ್ಚಲು ಮಾದರಿ ಬೀಜಗಳನ್ನು ಬಿತ್ತಿ, ಗಿಡಗಳ ಲಕ್ಷಣ ಕಾಣುವವರೆಗೆ ಒಂದು ಹಂಗಾಮು ಕಾಯಬೇಕಿತ್ತು, ಆ ಪದ್ಧತಿ ಈಗಲೂ ಇದೆ. ಈಗ ಅದರ ಜೊತೆಗೆ ಸಸಿಯ ಎಲೆಯಿಂದ ಡಿಎನ್‌ಎ ತೆಗೆದು, ಪಿಸಿಆರ್ ಯಂತ್ರದಲ್ಲಿ ಅದರ ಒಂದು ನಿರ್ದಿಷ್ಟ ಭಾಗವನ್ನು ಮಾತ್ರ ಹೆಚ್ಚಿಸಿ, ಡಿಎನ್‌ಎ ತುಣುಕುಗಳನ್ನು ಗಾತ್ರಕ್ಕೆ ತಕ್ಕಂತೆ ಪಟ್ಟಿಗಳಾಗಿ ಬೇರ್ಪಡಿಸುವ ಜೆಲ್ ಮೇಲೆ ಓಡಿಸಿ, ಕೆಲವೇ ದಿನಗಳಲ್ಲಿ ಉತ್ತರ ಕೊಡುತ್ತಾರೆ. ತಾಯಿ ಸಾಲಿನ ಪಟ್ಟಿ ಒಂದು ಎತ್ತರದಲ್ಲಿ, ತಂದೆ ಸಾಲಿನ ಪಟ್ಟಿ ಇನ್ನೊಂದು ಎತ್ತರದಲ್ಲಿ ಕಾಣುವಂಥ ಮಾರ್ಕರನ್ನು, ಅಂದರೆ ಡಿಎನ್‌ಎಯ ಗುರುತಿನ ಭಾಗವನ್ನು, ಆರಿಸಿಕೊಂಡಿರುತ್ತಾರೆ. ನಿಜವಾದ ಹೈಬ್ರಿಡ್‌ನಲ್ಲಿ ಎರಡೂ ಪಟ್ಟಿಗಳು ಮೂಡುತ್ತವೆ, ಸ್ವಪರಾಗದಿಂದ ಹುಟ್ಟಿದ್ದರಲ್ಲಿ ತಾಯಿಯದು ಮಾತ್ರ. ಹತ್ತಿ ಬೀಜದಲ್ಲಿಯಾದರೆ, 2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತ ನಂತರ, ಬಿ.ಟಿ. ಪ್ರೋಟೀನ್ ಇದೆಯೇ ಎಂಬ ಪರೀಕ್ಷೆಯೂ ಸೇರಿಕೊಂಡಿತು. (ವರಲಕ್ಷ್ಮಿ ಎಂಬ ಹೈಬ್ರಿಡ್ ಹತ್ತಿ 1972ರಲ್ಲಿ ಧಾರವಾಡದಿಂದಲೇ ಹೊರಬಂದಿತೆಂಬುದನ್ನು ನಮ್ಮ ವಿದ್ಯಾರ್ಥಿಗಳು ಮರೆತಿದ್ದಾರೆ.)

ಬೀಜದ ಪ್ರಯೋಗಾಲಯದಲ್ಲಿ ಸಂದರ್ಶನಕ್ಕೆ ಕುಳಿತಾಗ ಅಂಕಪಟ್ಟಿಯನ್ನು ಮುಂದೆ ಮಾಡುವುದಕ್ಕಿಂತ, ಒಂದು ಲಾಟಿನಲ್ಲಿ ತಾಯಿ ಪಟ್ಟಿ ಮಾತ್ರ ಇರುವ ಸಸಿಗಳು ಹೆಚ್ಚಾಗಿ ಬಂದರೆ ಹೊಲದಲ್ಲಿ ಯಾವ ಹಂತದಲ್ಲಿ ತಪ್ಪಾಗಿರಬೇಕು ಎಂಬುದನ್ನು ನೀವು ಕಣ್ಣಾರೆ ಕಂಡಂತೆ ವಿವರಿಸಿದರೆ, ಅದು ನಿಮ್ಮ ಜೊತೆ ಕುಳಿತ ನಗರದ ಅಭ್ಯರ್ಥಿಯ ಕೈಲಾಗದ ಮಾತು. ಇದಲ್ಲದೆ ಬಾಳೆಯ ಅಂಗಾಂಶ ಕೃಷಿ (ಗಿಡದ ತುಣುಕಿನಿಂದ ಬಾಟಲಿಯಲ್ಲಿ ಸಸಿ ಬೆಳೆಸುವ) ಘಟಕಗಳು, ಜೈವಿಕ ಗೊಬ್ಬರ ತಯಾರಿಕೆ, ಆಹಾರ ಪರೀಕ್ಷಾ ಪ್ರಯೋಗಾಲಯಗಳೂ ಬಿ.ಎಸ್‌ಸಿ. ಪದವೀಧರರನ್ನು ನೇಮಿಸಿಕೊಳ್ಳುತ್ತವೆ. ಆಸ್ಪತ್ರೆಯ ರಕ್ತಪರೀಕ್ಷಾ ಲ್ಯಾಬಿನ ದಾರಿ ಬೇರೆ, ಅಲ್ಲಿ ಡಿ.ಎಂ.ಎಲ್.ಟಿ.ಯಂಥ (ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನದ ಡಿಪ್ಲೊಮಾ) ತರಬೇತಿಯನ್ನೇ ಕೇಳುತ್ತಾರೆ.

ಎಂ.ಎಸ್‌ಸಿ. ಬೇಕಾಗುವುದು ಸಂಶೋಧನೆಯ ಕಡೆಗೆ ಹೊರಟವರಿಗೆ. ಕರ್ನಾಟಕ ವಿಶ್ವವಿದ್ಯಾಲಯದಲ್ಲಿಯೇ ಜೈವಿಕ ತಂತ್ರಜ್ಞಾನದ ಎಂ.ಎಸ್‌ಸಿ. ಇದೆ, ಹೊರಗೆ ಓದುವ ಮನಸ್ಸಿದ್ದರೆ ಜಾಮ್ ಮತ್ತು ಗ್ಯಾಟ್-ಬಿ ಎಂಬ ಪ್ರವೇಶ ಪರೀಕ್ಷೆಗಳಿವೆ. ಮುಂದೆ ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಜೆ.ಆರ್.ಎಫ್. (ಕಿರಿಯ ಸಂಶೋಧನಾ ಫೆಲೋಶಿಪ್) ದೊರೆತರೆ ತಿಂಗಳಿಗೆ 37,000 ರೂಪಾಯಿ ಶಿಷ್ಯವೇತನ, 2023ರಲ್ಲಿ ಪರಿಷ್ಕರಿಸಿದ ದರದಂತೆ, ಬರುತ್ತದೆ. ಕೆಲಸ ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಎಂ.ಎಸ್‌ಸಿ. ಸೇರುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಎರಡು ವರ್ಷಗಳ ನಂತರ ಅದೇ ಪ್ರಶ್ನೆ, ಇನ್ನಷ್ಟು ಸಾಲದೊಂದಿಗೆ, ಎದುರಿಗೆ ನಿಂತಿರುತ್ತದೆ.

ಪ್ರಶ್ನೆ: ಮಗಳು ಗದಗಿನಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಾಳೆ. ಬಯೋಟೆಕ್‌ನಲ್ಲಿ ಬಿ.ಇ. ಮೇಲೋ, ಬಿ.ಎಸ್‌ಸಿ. ಮೇಲೋ?

ಉತ್ತರ: ಅವಳ ಮನಸ್ಸು ಯಾವ ಕಡೆಗಿದೆ ಎಂಬುದನ್ನು ತಾವು ಬರೆದಿಲ್ಲ. ಬಿ.ಇ. ಸೇರಲು ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕು, ಹುಬ್ಬಳ್ಳಿಯ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಈ ವಿಭಾಗವಿದೆ. ಅಲ್ಲಿ ಜೀವಿಗಿಂತ ಹೆಚ್ಚಾಗಿ ಯಂತ್ರ, ಶಾಖ, ಹರಿವು, ಪ್ರಮಾಣಗಳ ಲೆಕ್ಕ ಕಲಿಸುತ್ತಾರೆ, ಏಕೆಂದರೆ ಫ್ಲಾಸ್ಕಿನಲ್ಲಿ ಬೆಳೆದದ್ದನ್ನು ಸಾವಿರಾರು ಲೀಟರಿನ ತೊಟ್ಟಿಯಲ್ಲಿ ಬೆಳೆಸುವುದು ಎಂಜಿನಿಯರರ ಕೆಲಸ. ಗಣಿತವನ್ನು ಕಂಡರೆ ಮುಖ ತಿರುಗಿಸುವವಳಾಗಿದ್ದರೆ ಬಿ.ಎಸ್‌ಸಿ.ಯೇ ಸರಿ.

ಪ್ರಶ್ನೆ: ಹುಬ್ಬಳ್ಳಿಯಲ್ಲಿ ಕೊನೆಯ ವರ್ಷದ ಪ್ರಾಜೆಕ್ಟ್ ಮಾಡುತ್ತಿದ್ದೇನೆ. ಮೈಕ್ರೊಪಿಪೆಟ್‌ನಿಂದ (ಹನಿಗಿಂತ ಕಡಿಮೆ ದ್ರವವನ್ನೂ ಅಳೆಯುವ ಸಾಧನ) ಅಳೆದ ಪ್ರಮಾಣಗಳು ಒಂದೊಂದು ಸಲ ಒಂದೊಂದು ರೀತಿ ಬರುತ್ತಿವೆ. ಬಾಳೆಯ ಅಂಗಾಂಶ ಕಲ್ಚರ್ ಬಾಟಲಿಗಳಲ್ಲಿ ಅರ್ಧಕ್ಕರ್ಧ ಬೂಷ್ಟು ಹಿಡಿಯುತ್ತಿವೆ. ನನ್ನ ಕೈ ಸರಿಯಿಲ್ಲ ಎಂದಷ್ಟೇ ಗೈಡ್ ಹೇಳುತ್ತಾರೆ. ಏನು ಮಾಡಲಿ?

ಉತ್ತರ: ಮೊದಲು ಪಿಪೆಟ್‌ನ ವಿಚಾರ. ಅದರ ಗುಂಡಿಗೆ ಎರಡು ತಡೆಗಳಿರುತ್ತವೆ. ದ್ರವವನ್ನು ಎಳೆದುಕೊಳ್ಳುವಾಗ ಮೊದಲ ತಡೆಯವರೆಗೆ ಮಾತ್ರ ಒತ್ತಿ, ಟಿಪ್ಪನ್ನು (ತುದಿಯ ಪ್ಲಾಸ್ಟಿಕ್ ಕೊಳವೆಯನ್ನು) ಎರಡು-ಮೂರು ಮಿಲಿಮೀಟರು ಮುಳುಗಿಸಿ, ಹೆಬ್ಬೆರಳನ್ನು ನಿಧಾನವಾಗಿ ಬಿಡಬೇಕು. ಎರಡನೆಯ ತಡೆ ಇರುವುದು ದ್ರವವನ್ನು ಹೊರಹಾಕುವಾಗ ಕೊನೆಯ ಹನಿಯನ್ನು ತಳ್ಳಲು. ಹೊಸಬರು ಎಳೆಯುವಾಗಲೇ ಎರಡನೆಯ ತಡೆಯವರೆಗೆ ಒತ್ತಿ, ಬೇಕಾದದ್ದಕ್ಕಿಂತ ಹೆಚ್ಚು ತೆಗೆದುಕೊಳ್ಳುತ್ತಾರೆ. ತಪ್ಪು ಕೈಯದೋ, ಪಿಪೆಟ್‌ನದೋ ಎಂದು ತಿಳಿಯಲು ಸುಲಭದ ಉಪಾಯವಿದೆ. 100 ಮೈಕ್ರೊಲೀಟರ್‌ಗೆ ಹೊಂದಿಸಿ, ಶುದ್ಧ ನೀರನ್ನು ಸೂಕ್ಷ್ಮ ತಕ್ಕಡಿಯ ಮೇಲೆ ಹತ್ತು ಸಲ ಹಾಕಿ ತೂಗಿರಿ. ಪ್ರತಿ ಸಲವೂ ಸುಮಾರು 0.1 ಗ್ರಾಂ ಬರಬೇಕು. ಹತ್ತೂ ಸಲ ಒಂದೇ ಪ್ರಮಾಣದಲ್ಲಿ ಕಡಿಮೆ ಬಂದರೆ ಪಿಪೆಟ್ ದುರಸ್ತಿಗೆ ಹೋಗಬೇಕು, ಹೆಚ್ಚು-ಕಡಿಮೆ ಓಡಾಡಿದರೆ ನಿಮ್ಮ ಹೆಬ್ಬೆರಳು ಅಭ್ಯಾಸಕ್ಕೆ ಕೂರಬೇಕು.

ಇನ್ನು ಬೂಷ್ಟು. ಎಲ್ಲಿ ಮೂಡಿದೆ ಎಂಬುದನ್ನು ನೋಡಿದರೆ ಎಲ್ಲಿಂದ ಬಂತೆಂಬುದು ಬಹಳಷ್ಟು ಸಲ ತಿಳಿಯುತ್ತದೆ. ಬಾಳೆಯ ತುಣುಕಿನ ಬುಡದಿಂದಲೇ ಹರಡಿದ್ದರೆ, ತುಣುಕನ್ನು ಸೋಡಿಯಂ ಹೈಪೊಕ್ಲೋರೈಟ್‌ನಂಥ ದ್ರಾವಣದಲ್ಲಿ ತೊಳೆದದ್ದು ಸಾಲಲಿಲ್ಲ ಎಂದರ್ಥ. ತುಣುಕಿನಿಂದ ದೂರ, ಅದು ಬೆಳೆಯುವ ಗಟ್ಟಿ ಮಾಧ್ಯಮವಾದ ಅಗರ್ ಮೇಲೆ ಅಲ್ಲಲ್ಲಿ ಚುಕ್ಕೆಗಳಾಗಿದ್ದರೆ ಅದು ಗಾಳಿಯಿಂದಲೋ ಕೈಯಿಂದಲೋ ಬಿದ್ದದ್ದು. ಏನನ್ನೂ ನೆಡದೆ, ಮುಚ್ಚಳವನ್ನೇ ತೆರೆಯದೆ ಇಟ್ಟ ಬಾಟಲಿಯಲ್ಲಿಯೂ ಬಂದರೆ ದೋಷ ಆಟೋಕ್ಲೇವಿನದು, ಅಂದರೆ ಒತ್ತಡದ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಯಂತ್ರದ್ದು.

ಆಟೋಕ್ಲೇವಿನಲ್ಲಿ 15 ಪೌಂಡು ಒತ್ತಡದಲ್ಲಿ 121 ಡಿಗ್ರಿ ಸೆಲ್ಸಿಯಸ್ ಶಾಖ 15ರಿಂದ 20 ನಿಮಿಷ ಇರಬೇಕು. ಒಳಗಿನ ಗಾಳಿ ಪೂರ್ತಿ ಹೊರಹೋಗದೆ ಉಳಿದರೆ, ಮಾಪಕದ ಮುಳ್ಳು 15 ತೋರಿಸಿದರೂ ಶಾಖ 121ಕ್ಕೆ ಏರುವುದಿಲ್ಲ. ಕುಕ್ಕರಿನಲ್ಲಿ ಹಬೆ ಸರಾಗವಾಗಿ ಹೊರಬಂದ ಮೇಲೆಯೇ ತಾಯಂದಿರು ಸೀಟಿ ಇಡುವುದು ಇದೇ ಕಾರಣಕ್ಕೆ. ನಾನು ಕಲಿಯುತ್ತಿದ್ದಾಗ ಅವಸರದಿಂದ ಬಾಟಲಿಗಳನ್ನು ಒತ್ತೊತ್ತಾಗಿ ತುಂಬಿ, ಮುಚ್ಚಳಗಳನ್ನು ಬಿಗಿಯಾಗಿ ತಿರುಗಿಸಿ, ಮುಳ್ಳನ್ನು ನಂಬಿ ಒಂದು ತಿಂಗಳ ಕೆಲಸವನ್ನು ಕಳೆದುಕೊಂಡಿದ್ದೇನೆ. ಮುಚ್ಚಳ ಸ್ವಲ್ಪ ಸಡಿಲವಿರಲಿ, ಬಾಟಲಿಗಳ ನಡುವೆ ಹಬೆ ಆಡಲು ಜಾಗವಿರಲಿ.

ಲ್ಯಾಮಿನಾರ್ ಏರ್ ಫ್ಲೋವನ್ನು (ಶೋಧಿಸಿದ ಗಾಳಿ ಬೀಸುವ, ಬಾಟಲಿ ತೆರೆದು ಕೆಲಸ ಮಾಡುವ ಪೆಟ್ಟಿಗೆಯನ್ನು) ಕೆಲಸಕ್ಕೆ ಕಾಲು ಗಂಟೆ ಮೊದಲೇ ಚಾಲೂ ಮಾಡಿ, ಯು.ವಿ. ದೀಪವನ್ನು ಆರಿಸಿದ ಮೇಲೆಯೇ ಕೈ ಒಳಗೆ ಹೋಗಲಿ. ಒರೆಸಲು 70 ಪ್ರತಿಶತ ಸ್ಪಿರಿಟ್ ಬಳಸಿ, ಶುದ್ಧ ಆಲ್ಕೋಹಾಲ್ ಬೇಡ. ನೀರಿನಂಶವಿದ್ದರೇ ಅದು ಸೂಕ್ಷ್ಮಜೀವಿಯ ಪ್ರೋಟೀನನ್ನು ಚೆನ್ನಾಗಿ ಕೆಡಿಸುತ್ತದೆ ಮತ್ತು ಬೇಗ ಆರಿಹೋಗುವುದಿಲ್ಲ. ಸ್ಪಿರಿಟ್ ಹಚ್ಚಿದ ಕೈ ಪೂರ್ತಿ ಒಣಗುವ ಮೊದಲು ಬರ್ನರ್ ಹಚ್ಚಬಾರದು.

ಮುಂದಿನ ಸಲ ಮೀಡಿಯಂ ಮಾಡಿದಾಗ ಐದು ಬಾಟಲಿಗಳನ್ನು ತೆರೆಯದೆ ಪಕ್ಕಕ್ಕಿಡಿ. ಇನ್ನೈದನ್ನು ಏರ್ ಫ್ಲೋ ಒಳಗೆ ತೆರೆದು, ಏನೂ ನೆಡದೆ ಮುಚ್ಚಿಡಿ. ಏಳು ದಿನಗಳ ನಂತರ ಯಾವುದರಲ್ಲಿ ಎಲ್ಲಿ ಬೂಷ್ಟು ಬಂತೆಂದು ದಿನಾಂಕ ಹಾಕಿ, ನೋಟ್‌ಬುಕ್ಕಿನಲ್ಲಿ ಅಂದಂದೇ ಪೆನ್ನಿನಲ್ಲಿ ಬರೆದು, ಆ ಪುಟವನ್ನು ನಿಮ್ಮ ಗೈಡ್‌ಗೆ ತೋರಿಸಿ. ಆಗ ಅವರು ಕೈಯ ಬಗ್ಗೆ ಮಾತ್ರ ಮಾತನಾಡಲಾರರು.