ಮೊದಲ್ನೇ ಮಗುಗೆ ಕಾಯ್ತಿರೋರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಬೇಬಿ ಶೋಗೆ, ಅಂದ್ರೆ ಮಕ್ಕಳ ಸಾಮಾನಿನ ಮೇಳಕ್ಕೆ, ಹೋಗೋದ್ರಿಂದ ಏನಾದ್ರೂ ಉಪಯೋಗ ಇದ್ಯಾ, ಇಲ್ಲಾ ದುಡ್ಡು ದಂಡಾನಾ?

ಹೋಗಿ. ಆದ್ರೆ ಅವತ್ತು ದೊಡ್ಡ ಸಾಮಾನು ಏನೂ ತಗೊಳ್ಳಲ್ಲ ಅಂತ ಇಬ್ಬರೂ ಮನೇಲೇ ಮಾತಾಡ್ಕೊಂಡು ಹೋಗಿ. ಅಲ್ಲಿ ಹೋಗೋದು ಮುಟ್ಟಿ ನೋಡೋಕೆ, ಎತ್ತಿ ನೋಡೋಕೆ, ತಲೆ ತಿನ್ನೋ ಹಾಗೆ ಪ್ರಶ್ನೆ ಕೇಳೋಕೆ. ಕೊಳ್ಳೋದು ಆಮೇಲೆ ನಿಧಾನಕ್ಕೆ ಮನೇಲಿ ಕೂತ್ಕೊಂಡು.

ನೀವು ಬರ್ದಿರೋದು ಓದಿದ್ರೆ, ಡರ್ಬಿಲಿ ಇದ್ದೀರಿ, ಐದು ತಿಂಗಳು, ಹೇಳಿಕೊಡೋರು ಹತ್ರದಲ್ಲಿ ಯಾರೂ ಇಲ್ಲ, ಮೇಲಿಂದ ಊರಲ್ಲಿ ಅಮ್ಮ "ಹುಟ್ಟೋಕ್ ಮುಂಚೆ ಮಗೂಗೆ ಅಂತ ಒಂದು ದಾರದ ಎಳೇನೂ ತರಬೇಡ" ಅಂತಿದ್ದಾರೆ. ನಮ್ಮದೂ ಹೆಚ್ಚುಕಮ್ಮಿ ಇದೇ ಕತೆ. ನಾವಿರೋದು ಕವೆಂಟ್ರಿ, ನಾನು ಹಾಸನದೋನು, ಹೆಂಡ್ತಿ ಅರಸೀಕೆರೆ ಕಡೆಯೋಳು. ನಾವೂ ಇದೇ ಶೋಗೆ ಹೋಗಿದ್ವಿ, ಬರ್ಮಿಂಗ್‌ಹ್ಯಾಮಿನ ಎನ್‌ಇಸಿ ಅನ್ನೋ ಎಕ್ಸಿಬಿಷನ್ ಸೆಂಟರಲ್ಲಿ ನಡೆಯೋದು. ಗಂಡಸು ಬರೀತಿರೋದ್ರಿಂದ ಹೊಟ್ಟೆ ಹೊತ್ಕೊಂಡು ಆ ಹಾಲ್ ಸುತ್ತೋ ಕಷ್ಟ ನನಗೆ ಅಷ್ಟಾಗಿ ಗೊತ್ತಿಲ್ಲ, ಕೂರೋಕೆ ಜಾಗ ಕಮ್ಮಿ ಅಂತ ಮಾತ್ರ ಅವಳು ಇವತ್ತಿಗೂ ಹೇಳ್ತಾಳೆ. ಒಳಗಡೆ ಹೋದ ತಕ್ಷಣ ಕೆಫೆ ಎಲ್ಲಿದೆ, ಟಾಯ್ಲೆಟ್ ಎಲ್ಲಿದೆ ನೋಡ್ಕೊಳ್ಳಿ, ಸ್ಟಾಲ್ ಆಮೇಲೆ. ಊಟಕ್ಕೆ ಡಬ್ಬಿ ಕಟ್ಕೊಂಡು ಹೋಗಿ. ನಾವು ಮೊಸರನ್ನ ತಗೊಂಡು ಹೋಗಿದ್ವಿ, ಆ ತಣ್ಣನೆ ಸ್ಯಾಂಡ್‌ವಿಚ್‌ಗೆ ಅಷ್ಟು ದುಡ್ಡು ಕೊಡೋದು ತಪ್ಪಿತು.

ಉಪಯೋಗ ಎಲ್ಲಿದೆ ಅಂದ್ರೆ ಪ್ರಾಮಲ್ಲಿ, ಅದೇ ಮಗೂನ ಇಟ್ಟು ತಳ್ಳೋ ಗಾಡಿಯಲ್ಲಿ. ಆನ್‌ಲೈನಲ್ಲಿ ಎಲ್ಲಾ ಪ್ರಾಮೂ ಒಂದೇ ಥರ ಕಾಣ್ಸುತ್ತೆ, ಎಲ್ಲದಕ್ಕೂ ನಾಲ್ಕೂವರೆ ಸ್ಟಾರು. ಅಲ್ಲಿ ಹೋದ್ರೆ ಬುಗಾಬೂ, ಸೈಬೆಕ್ಸ್, ಸಿಲ್ವರ್ ಕ್ರಾಸ್, ಜೋಯಿ ಥರದ ಕಂಪ್ನಿಗಳದ್ದೆಲ್ಲ ಒಂದೇ ಸೂರಿನಡಿ ಸಿಗುತ್ತೆ, ಸೀರೆ ಅಂಗಡಿಯಲ್ಲಿ ಒಂದಾದ್ಮೇಲೊಂದು ಬಿಚ್ಚಿ ಹರಡ್ತಾರಲ್ಲ ಹಂಗೆ ಮಡಚಿ ಬಿಚ್ಚಿ ತೋರಿಸ್ತಾರೆ. ಅವರು ಮಡಚೋದು ನೋಡ್ಬೇಡಿ, ಅವರು ದಿನಕ್ಕೆ ನೂರು ಸಲ ಮಾಡ್ತಾರೆ, ಎರಡು ಬೆರಳಲ್ಲಿ ಮಡಚಿಬಿಡ್ತಾರೆ. ನೀವೇ ಮಡಚಿ. ಅದೂ ಒಂದು ಕೈಯಲ್ಲಿ, ಇನ್ನೊಂದು ಕೈಯಲ್ಲಿ ನಿಮ್ಮ ಬ್ಯಾಗ್ ಎತ್ಕೊಂಡು, ಯಾಕಂದ್ರೆ ಮುಂದೆ ಆ ಕೈಯಲ್ಲಿ ಮಗು ಇರುತ್ತೆ. ನನ್ನ ಹೆಂಡ್ತಿ ಐದಡಿ ಇದ್ದಾಳೆ, ನನಗೆ ತುಂಬಾ ಇಷ್ಟ ಆಗಿದ್ದ ಒಂದು ಪ್ರಾಮಿನ ಹ್ಯಾಂಡಲ್ಲು ಎಷ್ಟು ಇಳಿಸಿದ್ರೂ ಅವಳ ಎದೆ ಮಟ್ಟಕ್ಕೆ ಬರ್ತಿತ್ತು, ಆ ಪ್ರಾಮ್ ಅಲ್ಲೇ ಔಟು. ಇದು ಯಾವ ರಿವ್ಯೂನಲ್ಲೂ ಬರೆದಿರಲ್ಲ.

ಮನೆಯಿಂದ ಹೊರಡೋಕೆ ಮುಂಚೆ ಕಾರಿನ ಡಿಕ್ಕಿ ಅಳತೆ ತಗೊಳ್ಳಿ, ಉದ್ದ ಅಗಲ ಎತ್ತರ ಮೂರೂ, ಜೊತೆಗೆ ಮನೆ ಮುಂಬಾಗಿಲು ಹಾಲ್‌ವೇ ಅಗಲ. ಇಲ್ಲಿನ ಹಳೇ ಸಾಲುಮನೆಗಳ ಹಾಲ್‌ವೇ ಗೊತ್ತಲ್ಲ, ಪ್ರಾಮ್ ನಿಲ್ಲಿಸಿದ್ರೆ ಮನುಷ್ಯ ದಾಟೋ ಹಾಗಿಲ್ಲ. ಒಂದು ಟೇಪ್ ಜೇಬಲ್ಲಿರಲಿ, ಮಡಚಿದ್ಮೇಲೆ ಅಳೀರಿ, ಯಾರೂ ಏನೂ ಅನ್ಕೊಳ್ಳಲ್ಲ. ಹುಟ್ಟಿದ ಮಗೂಗೆ ಚಪ್ಪಟೆಯಾಗಿ ಮಲಗಿಸೋ ಹಾಗಿರೋ ಸೀಟು ಅಥವಾ ಕ್ಯಾರಿಕಾಟ್, ಅಂದ್ರೆ ಪ್ರಾಮ್ ಮೇಲೆ ಕೂರಿಸೋ ತೊಟ್ಟಿಲು, ಬೇಕು, ಅದನ್ನ ಮಾತ್ರ ಬಿಡಬೇಡಿ. ಇನ್ನು ಊರಿಗೆ ಹೋದಾಗ ಬೇಕಾಗುತ್ತೆ ಅಂತ ದೊಡ್ಡ ಚಕ್ರದ್ದು ತಗೊಳ್ಳೋ ಯೋಚನೆ ಇದ್ರೆ ಬಿಟ್ಬಿಡಿ, ನಮ್ಮ ಕಡೆ ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್ರು, ಸ್ಕೂಟರ್ರು, ಎಳನೀರು ಗಾಡಿ ಎಲ್ಲಾ ದಾಟಿ ಅದನ್ನ ತಳ್ಳೋರು ಯಾರು, ಅಲ್ಲಿ ಅಜ್ಜಿ ತಾತನ ಸೊಂಟವೇ ಪ್ರಾಮು.

ಕಾರ್ ಸೀಟಿನ ವಿಷ್ಯ ಸ್ವಲ್ಪ ಬೇರೆ. ಇಲ್ಲಿ ಕಾನೂನು ಗಟ್ಟಿ, ಮಗೂಗೆ 12 ವರ್ಷ ಆಗೋ ತನಕ ಅಥವಾ 135 ಸೆಂಟಿಮೀಟರ್ ಎತ್ತರ ಆಗೋ ತನಕ, ಯಾವುದು ಮೊದಲೋ ಅದು, ಚೈಲ್ಡ್ ಸೀಟ್ ಬೇಕೇ ಬೇಕು. ಆಸ್ಪತ್ರೆಯಿಂದ ಮನೆಗೆ ಬರೋ ದಿನವೇ ಬೇಕಾಗೋ ಸಾಮಾನು ಇದು. ಆರ್129 ಅನ್ನೋ ಸುರಕ್ಷತಾ ನಿಯಮದ ಗುರುತು ಇರೋ ಸೀಟಲ್ಲಿ ಮಗು 15 ತಿಂಗಳು ದಾಟೋ ತನಕ ಹಿಂದಕ್ಕೇ ಮುಖ ಮಾಡಿ ಕೂರಬೇಕು. ಮುಂದಿನ ಸೀಟಲ್ಲಿ ಏರ್‌ಬ್ಯಾಗ್ ಆನ್ ಇದ್ರೆ ಹಿಂದಕ್ಕೆ ಮುಖ ಮಾಡೋ ಸೀಟನ್ನ ಅಲ್ಲಿ ಇಡೋ ಹಾಗೇ ಇಲ್ಲ. ಶೋನಲ್ಲಿ ಇದೆಲ್ಲ ಚೆನ್ನಾಗಿ ವಿವರಿಸ್ತಾರೆ, ಸೀಟನ್ನ ಐಸೋಫಿಕ್ಸ್ ಬೇಸಿಗೆ (ಕಾರಿನ ಕೊಂಡಿಗೆ ಸಿಕ್ಕಿಸೋ ತಳಕ್ಕೆ) ಕಚ್ಚಿಸಿ ಬಿಚ್ಚಿ ಅಭ್ಯಾಸ ಮಾಡೋಕೂ ಬಿಡ್ತಾರೆ, ಆದ್ರೆ ನಿಮ್ಮ ಕಾರು ಆ ಹಾಲ್ ಒಳಗಿರಲ್ವಲ್ಲ! ಸೀಟು ನಿಮ್ಮ ಕಾರಿಗೆ ಸರಿಯಾಗಿ ಕೂರುತ್ತೋ ಇಲ್ವೋ ಅನ್ನೋದು ಕಾರಲ್ಲಿ ಇಟ್ಟು ನೋಡಿದಾಗಲೇ ಗೊತ್ತಾಗೋದು. ಹಾಗಾಗಿ ಮಾಡೆಲ್ ಹೆಸರು ಬರ್ಕೊಂಡು ಬನ್ನಿ, ಕಂಪ್ನಿ ವೆಬ್‌ಸೈಟಲ್ಲಿ ನಿಮ್ಮ ಕಾರು ಪಟ್ಟೀಲಿ ಇದ್ಯಾ ನೋಡಿ, ಆಮೇಲೆ ಕಾರಲ್ಲಿ ಫಿಟ್ ಮಾಡಿ ತೋರಿಸೋ ಅಂಗಡಿಗೆ ಹೋಗಿ. ನಾನು ಕಾರ್ ಕಂಪ್ನೀಲೇ ಕೆಲಸ ಮಾಡೋನು, ಆದ್ರೂ ಹಂಗೇ ಮಾಡಿದ್ದು. ಪ್ರಾಮ್, ಬಟ್ಟೆ, ತೊಟ್ಟಿಲು ಎಲ್ಲಾ ಸೆಕೆಂಡ್‌ಹ್ಯಾಂಡ್ ತಗೊಳ್ಳಿ ಪರವಾಗಿಲ್ಲ, ಕಾರ್ ಸೀಟ್ ಮಾತ್ರ ಗುರುತಿಲ್ಲದೋರ ಹತ್ರ ತಗೋಬೇಡಿ, ಆಕ್ಸಿಡೆಂಟ್ ಆಗಿತ್ತಾ ಇಲ್ವಾ ಹೊರಗಿಂದ ಕಾಣಲ್ಲ. ಅಂದಹಾಗೆ ಕಾರ್ ಸೀಟಿಗೆ ವ್ಯಾಟ್ 5 ಪರ್ಸೆಂಟ್ ಮಾತ್ರ, ಮಕ್ಕಳ ಬಟ್ಟೆಗೆ ಸೊನ್ನೆ, ಅದರಿಂದ "ಇವತ್ತು ವ್ಯಾಟ್ ಬಿಟ್ಟು ಕೊಡ್ತೀವಿ" ಅಂತ ಯಾರಾದ್ರೂ ಅಂದ್ರೆ ಯಾವ ಸಾಮಾನಿಗೆ ಅಂತ ಕೇಳಿ.

"ಶೋ ಆಫರ್, ಭಾನುವಾರ ಸಂಜೆಗೆ ಮುಗೀತು" ಅನ್ನೋ ಮಾತು ಪ್ರತಿ ಸ್ಟಾಲಲ್ಲೂ ಕೇಳ್ತೀರಿ. ಅಲ್ಲೇ ನಿಂತ್ಕೊಂಡು ಫೋನಲ್ಲಿ ಬೆಲೆ ನೋಡಿ. ಕೆಲವಕ್ಕೆ ನಿಜವಾಗ್ಲೂ ಕಮ್ಮಿ ಇತ್ತು, ಕೆಲವು ಆನ್‌ಲೈನಲ್ಲೂ ಅದೇ ರೇಟು. ಇನ್ನೊಂದು, ಆನ್‌ಲೈನಲ್ಲಿ ತಗೊಂಡ್ರೆ ಮನೆಗೆ ಬಂದ ಮೇಲೆ 14 ದಿನದೊಳಗೆ ಬೇಡ ಅನ್ನೋ ಹಕ್ಕು ಕಾನೂನಲ್ಲೇ ಇದೆ. ಸ್ಟಾಲಲ್ಲಿ ನಿಂತು ತಗೊಂಡಿದ್ದಕ್ಕೆ ಅದು ಸಿಕ್ಕೇ ಸಿಗುತ್ತೆ ಅಂತ ನಂಬ್ಕೊಂಡು ಕೂರ್ಬೇಡಿ, ವಾಪಸ್ ತಗೊಳ್ತೀರಾ, ಎಷ್ಟು ದಿನ, ಅಂತ ರಸೀದಿ ಮೇಲೆ ಬರೆಸ್ಕೊಳ್ಳಿ.

ಮಲಗಿಸೋ ಸಾಮಾನುಗಳ ಸ್ಟಾಲ್ ಹತ್ರ ಬಂದ್ರೆ ಸ್ವಲ್ಪ ಹುಷಾರು. ಇಲ್ಲಿ ಮಕ್ಕಳನ್ನ ಸೇಫಾಗಿ ಮಲಗಿಸೋದು ಹೇಗೆ ಅಂತ ಹೇಳೋ ಲಲ್ಲಬೈ ಟ್ರಸ್ಟ್ ಅಂತ ಒಂದು ಸಂಸ್ಥೆ ಇದೆ, ಹೆರಿಗೆ ನೋಡೋ ಮಿಡ್‌ವೈಫ್, ಆಮೇಲೆ ಮಗು ನೋಡೋಕೆ ಬರೋ ಹೆಲ್ತ್ ವಿಸಿಟರ್ ನರ್ಸ್ ಎಲ್ಲಾ ಹೇಳೋದು ಅದೇ ಮಾತು: ಅಂಗಾತ ಮಲಗಿಸಿ, ಗಟ್ಟಿಯಾದ ಚಪ್ಪಟೆ ಹಾಸಿಗೆ, ದಿಂಬು ಬೇಡ, ರಜಾಯಿ ಬೇಡ, ಮೊದಲ ಆರು ತಿಂಗಳು ನಿಮ್ಮ ರೂಮಲ್ಲೇ, ರೂಮು 16ರಿಂದ 20 ಡಿಗ್ರಿ. ಅಂಗಾತ ಮಲಗಿಸಿ ಅನ್ನೋ ಪ್ರಚಾರ ಈ ದೇಶದಲ್ಲಿ ಶುರುವಾಗಿದ್ದು 1991ರಲ್ಲಿ, ಅಲ್ಲಿಂದ ಈಚೆಗೆ ನಿದ್ದೆಯಲ್ಲೇ ಹಠಾತ್ತಾಗಿ ತೀರ್ಕೊಳ್ಳೋ ಮಕ್ಕಳ ಸಂಖ್ಯೆ ಮುಕ್ಕಾಲು ಪಾಲಿಗಿಂತ ಹೆಚ್ಚು ಇಳಿದಿದೆ. ಆದ್ರೂ ಮೆತ್ತಗೆ ಗೂಡಿನ ಥರ ಇರೋ ಹಾಸಿಗೆ, ತೊಟ್ಟಿಲ ಸುತ್ತ ಕಟ್ಟೋ ದಪ್ಪ ಬಟ್ಟೆ, ತಲೆ ಉರುಟಾಗೋ ದಿಂಬು, ಎಲ್ಲಾ ನೋಡೋಕೆ ಚೆಂದವಾಗಿ ಮಾರಾಟಕ್ಕೆ ಇರುತ್ತೆ. ಮಾರ್ತಿದ್ದಾರೆ ಅಂದ ಮಾತ್ರಕ್ಕೆ ಸೇಫ್ ಅಂತ ಅಲ್ಲ. ಇದರ ಕಷ್ಟ ನಮಗೆ ಗೊತ್ತಾಗಿದ್ದು ಅತ್ತೆ ಬಂದಾಗ, ಸೂಟ್‌ಕೇಸಲ್ಲಿ ಸಾಸಿವೆ ದಿಂಬು, ಕುಲಾವಿ ಎಲ್ಲಾ ತಂದಿದ್ರು. ಮನೆಯೊಳಗೆ ಮಲಗಿಸುವಾಗ ಟೋಪಿ ಕೂಡ ತೆಗೀರಿ ಅಂತಾರೆ ಇಲ್ಲಿ, ಮಗು ಮೈಯ ಕಾವು ಇಳಿಯೋದೇ ತಲೆಯಿಂದ ಅಂತ. ಅತ್ತೆಗೆ ನಾನು ಹೇಳಿದ್ರೆ ಎಲ್ಲಿ ಕೇಳ್ತಾರೆ, ಮನೆಗೆ ಬಂದ ಮಿಡ್‌ವೈಫ್ ಹೇಳಿದ್ಮೇಲೆ ಒಪ್ಪಿದ್ರು. ಕುಲಾವಿ ಹೊರಗೆ ಹೋಗುವಾಗ ಕೆಲಸಕ್ಕೆ ಬಂತು, ಸಾಸಿವೆ ಒಗ್ಗರಣೆಗೆ ಹೋಯ್ತು.

ಮುಂದೆ ಕಾಯಿಲೆ ಬಂದ್ರೆ ಚಿಕಿತ್ಸೆಗೆ ಬೇಕಾಗುತ್ತೆ, ಹೊಕ್ಕಳಬಳ್ಳಿ ರಕ್ತ ಶೇಖರಿಸಿ ಇಡ್ತೀವಿ ಅನ್ನೋರೂ ಸಿಗ್ತಾರೆ. ತುಂಬಾ ನಯವಾಗಿ ಮಾತಾಡ್ತಾರೆ, "ಇದು ಮಗುಗೆ ಇನ್ಶೂರೆನ್ಸ್ ಸರ್" ಅಂತ, ಹೊಟ್ಟೆಯೊಳಗಿರೋ ಮಗು ಹೆಸರಲ್ಲಿ ಹೆದರಿಸಿದ್ರೆ ಯಾವ ಅಪ್ಪ ಬೇಡ ಅಂತಾನೆ. ಸಾವಿರಾರು ಪೌಂಡಿನ ಬಾಬತ್ತು. ಈ ಥರ ಸಂಗ್ರಹ ಮಾಡೋಕೆ ಹ್ಯೂಮನ್ ಟಿಶ್ಯೂ ಅಥಾರಿಟಿ ಅನ್ನೋ ಸರ್ಕಾರಿ ಸಂಸ್ಥೆಯ ಲೈಸೆನ್ಸ್ ಬೇಕು, ಅದು ಇದ್ಯಾ ಕೇಳಿ. ಲೈಸೆನ್ಸ್ ಇದ್ರೂನೂ, ಮನೇಲಿ ರಕ್ತದ ಕಾಯಿಲೆ ಥರ ನಿರ್ದಿಷ್ಟ ಕಾರಣ ಏನೂ ಇಲ್ಲದೋರಿಗೆ ಇಲ್ಲಿನ ಪ್ರಸೂತಿ ತಜ್ಞರ ರಾಯಲ್ ಕಾಲೇಜು ಇದನ್ನ ಶಿಫಾರಸು ಮಾಡಿಲ್ಲ, ಇಂಡಿಯಾದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ನಿಲುವೂ ಹೆಚ್ಚುಕಮ್ಮಿ ಅದೇ. ಜೊತೆಗೆ ಮಗು ಹುಟ್ಟಿದ ತಕ್ಷಣ ಬಳ್ಳಿ ಕಟ್ಟದೆ ಕನಿಷ್ಠ ಒಂದು ನಿಮಿಷವಾದ್ರೂ ಬಿಟ್ರೆ ಆ ರಕ್ತ ಮಗೂಗೇ ಹೋಗುತ್ತೆ, ಮಗೂಗೆ ಕಬ್ಬಿಣಾಂಶ ಚೆನ್ನಾಗಿ ಸಿಗುತ್ತೆ. ನಾವು ಬೇಡ ಅಂದ್ವಿ. ನಿಮ್ಮದು ಬೇರೆ ಪರಿಸ್ಥಿತಿ ಇದ್ರೆ ನಿಮ್ಮ ಡಾಕ್ಟರ್ ಹತ್ರ ಮಾತಾಡಿ, ಸ್ಟಾಲಲ್ಲಿ ಅಲ್ಲ.

ಹಾಲಿನ ಪುಡಿ: ಹುಟ್ಟಿದ ಮಗೂಗೆ ಕೊಡೋ ಫಾರ್ಮುಲಾನ ಜಾಹೀರಾತು ಮಾಡೋ ಹಾಗಿಲ್ಲ, ಫ್ರೀ ಸ್ಯಾಂಪಲ್ ಕೊಡೋ ಹಾಗಿಲ್ಲ, ಇದು ಇಲ್ಲಿನ ಕಾನೂನು, ಇಂಡಿಯಾದಲ್ಲಿ 1992ರ ಕಾಯ್ದೆ ಇನ್ನೂ ಬಿಗಿ. ಆರು ತಿಂಗಳಾದ್ಮೇಲಿನ ಫಾಲೋ ಆನ್ ಪುಡಿದು ಮಾತ್ರ ಜಾಹೀರಾತು ಕಾಣ್ಸುತ್ತೆ, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್ ಪ್ರಕಾರ ಅದರ ಅಗತ್ಯವೇ ಇಲ್ಲ.

ಲಕ್ಕಿ ಡ್ರಾ ಫಾರಂ ತುಂಬಬೇಡಿ ಅಥವಾ ಇದಕ್ಕೇ ಅಂತ ಬೇರೆ ಈಮೇಲ್ ಮಾಡ್ಕೊಳ್ಳಿ. ಅವರಿಗೆ ಬೇಕಾಗಿರೋದು ನಿಮ್ಮ ಡ್ಯೂ ಡೇಟು, ಅಂದ್ರೆ ಹೆರಿಗೆ ದಿನ. ಬೌಂಟಿ ಅಂತ ಒಂದು ಪೇರೆಂಟಿಂಗ್ ಕ್ಲಬ್ 1.4 ಕೋಟಿಗೂ ಹೆಚ್ಚು ಜನರ ಮಾಹಿತೀನ ಅಕ್ರಮವಾಗಿ ಹಂಚಿದ್ದಕ್ಕೆ 2019ರಲ್ಲಿ ಇಲ್ಲಿನ ಮಾಹಿತಿ ಆಯುಕ್ತರ ಕಚೇರಿ ಅದಕ್ಕೆ 4 ಲಕ್ಷ ಪೌಂಡ್ ದಂಡ ಹಾಕಿತ್ತು, ಅಷ್ಟು ಬೆಲೆ ಇದೆ ಆ ಡೇಟಿಗೆ. ಇದರಲ್ಲಿ ಇನ್ನೊಂದು ನೋವಿನ ವಿಷ್ಯನೂ ಇದೆ, ದೇವರ ದಯೆ ನಿಮಗೆ ಹಾಗಾಗೋದು ಬೇಡ, ಆದ್ರೆ ಮಗು ಉಳಿಯದೇ ಹೋದ ಮನೆಗೂ ಈ ಜಾಹೀರಾತು ಬರ್ತಾನೇ ಇರುತ್ತೆ.

ನನ್ನ ಕೇಳಿದ್ರೆ ಟಿಕೆಟ್ ದುಡ್ಡು ವಸೂಲಾಗಿದ್ದು ಸ್ಟಾಲಲ್ಲಿ ಅಲ್ಲ, ಸ್ಟೇಜ್ ಹತ್ರ. ಮಗು ಗಂಟಲಲ್ಲಿ ಏನಾದ್ರೂ ಸಿಕ್ಕಾಕೊಂಡ್ರೆ ಏನ್ ಮಾಡ್ಬೇಕು ಅಂತ ಬೊಂಬೆ ಇಟ್ಕೊಂಡು ತೋರಿಸಿದ್ರು. ಒಂದು ವರ್ಷದೊಳಗಿನ ಮಗೂನ ತೊಡೆ ಮೇಲೆ ಬೋರಲು ಹಾಕ್ಕೊಂಡು, ತಲೆ ಕೆಳಗಿರೋ ಹಾಗೆ ಹಿಡಿದು, ಬೆನ್ನ ಮೇಲೆ ಐದು ಸಲ ತಟ್ಟೋದು, ಬರ್ಲಿಲ್ಲ ಅಂದ್ರೆ ತಿರುಗಿಸಿ ಎದೆ ಮಧ್ಯ ಎರಡು ಬೆರಳಲ್ಲಿ ಐದು ಸಲ ಒತ್ತೋದು, ಆಗ್ಲೂ ಬರ್ಲಿಲ್ಲ ಅಂದ್ರೆ ಇಲ್ಲಿನ ತುರ್ತು ನಂಬರ್ 999ಗೆ ಫೋನ್. ನೋಡಿದ್ರೆ ಸುಲಭ, ಕೈಯಲ್ಲಿ ಮಾಡುವಾಗ ಆ ಬೊಂಬೇನೂ ಜಾರುತ್ತೆ. ಅಲ್ಲೇ ಕೂತಿದ್ದ ಒಬ್ಬ ಮಿಡ್‌ವೈಫ್ ಹತ್ರ ನನ್ನ ಹೆಂಡ್ತಿ ಅರ್ಧ ಗಂಟೆ ಮಾತಾಡಿದ್ಲು. ನಮ್ಮಂಥೋರಿಗೆ ಮುಖ್ಯವಾದ ಒಂದು ವಿಷ್ಯ ತಿಳಿದಿದ್ದು ಅಲ್ಲೇ, ಇಲ್ಲಿ ಟಿಬಿಗೆ ಹಾಕೋ ಬಿಸಿಜಿ ಲಸಿಕೆ ಎಲ್ಲಾ ಮಕ್ಕಳಿಗೂ ಹಾಕಲ್ಲ, ಆದ್ರೆ ಅಪ್ಪ ಅಮ್ಮ ಅಥವಾ ಅಜ್ಜಿ ತಾತ ಇಂಡಿಯಾ ಥರ ಟಿಬಿ ಜಾಸ್ತಿ ಇರೋ ದೇಶದಲ್ಲಿ ಹುಟ್ಟಿದೋರಾದ್ರೆ ಆ ಮಗೂಗೆ ಕೊಡ್ತಾರೆ, ಸುಮಾರು 28 ದಿನ ಆದ್ಮೇಲೆ. ನಿಮ್ಮ ಆಸ್ಪತ್ರೆ ನೋಟ್ಸಲ್ಲಿ ಅದು ಬರೆದಿದ್ಯಾ ಈಗ್ಲೇ ಕೇಳಿ. ಬಸಿರಲ್ಲಿ ನಿಮಗೆ ಹಾಕೋ ನಾಯಿಕೆಮ್ಮಿನ ಲಸಿಕೆ 16 ವಾರ ಆದ್ಮೇಲೆ, ಮಕ್ಕಳ ಶ್ವಾಸಕೋಶಕ್ಕೆ ಬರೋ ಆರ್‌ಎಸ್‌ವಿ ವೈರಸ್ಸಿನ ಲಸಿಕೆ 28 ವಾರದಿಂದ, ಅದನ್ನೂ ನೆನಪಿಟ್ಕೊಳ್ಳಿ.

ಇನ್ನು ಅಮ್ಮನ ಮಾತು. ಅವರ ಜೊತೆ ವಾದ ಮಾಡ್ಬೇಡಿ, ಎಲ್ಲರ ಮನೇಲೂ ಇರೋದೇ ಅದು. ನಾವು ಪ್ರಾಮನ್ನ ಬುಕ್ ಮಾಡಿ, ಹುಟ್ಟಿದ ಮೇಲೆ ಫೋನ್ ಮಾಡ್ತೀವಿ ಆಗ ಕಳ್ಸಿ ಅಂದ್ವಿ, ಎಷ್ಟೋ ಅಂಗಡಿಯೋರು ಇದಕ್ಕೆ ಒಪ್ತಾರೆ, ಈ ಭಯ ಇಂಗ್ಲಿಷರಲ್ಲೂ ಇದೆ. ಆಸ್ಪತ್ರೆ ಬ್ಯಾಗಿಗೆ ಹೊಸ ಬಟ್ಟೆ ತಗೊಳ್ಳಲೇ ಇಲ್ಲ, ಲೆಸ್ಟರಲ್ಲಿರೋ ಗೆಳೆಯನ ಮಗಳ ಹಳೇ ಬಟ್ಟೆ ಇಸ್ಕೊಂಡ್ವಿ, ಚೆನ್ನಾಗಿ ಬೆಳೆದಿರೋ ಮಗುವಿನ ಹಳೇ ಬಟ್ಟೇನೇ ಮೊದಲು ಹಾಕ್ಬೇಕು ಅಂತ ಅತ್ತೇನೂ ಖುಷಿಯಾದ್ರು. ಕಾರ್ ಸೀಟ್ ಒಂದಕ್ಕೆ ಮಾತ್ರ "ಇಲ್ಲಾಂದ್ರೆ ಮಗೂನ ಮನೆಗೆ ಕರ್ಕೊಂಡು ಬರೋಕಾಗಲ್ಲ ಅತ್ತೆ, ಕಾನೂನು" ಅಂದೆ, ಕಾನೂನು ಅಂದ್ರೆ ಹಿರಿಯರು ಸುಮ್ನಾಗ್ತಾರೆ. ಅಮ್ಮನ ವಿಸಿಟರ್ ವೀಸಾ ಒಂದು ಸಲಕ್ಕೆ ಆರು ತಿಂಗಳು ಇರೋಕೆ ಬಿಡುತ್ತೆ, ಅದನ್ನ ಈಗ್ಲೇ ಶುರು ಮಾಡಿ. ನಿಮ್ಮ ಯಜಮಾನ್ರಿಗೆ ಹೇಳಿ, 2024ರ ಏಪ್ರಿಲ್‌ನಿಂದ ಅಪ್ಪಂದಿರ ಎರಡು ವಾರದ ರಜೇನ ಒಂದೊಂದು ವಾರವಾಗಿ ಬೇರೆ ಬೇರೆ ತಗೋಬಹುದು, ನಾನು ಒಂದು ವಾರ ಹುಟ್ಟಿದಾಗ ತಗೊಂಡೆ, ಇನ್ನೊಂದು ಅತ್ತೆ ವಾಪಸ್ ಹೋದ್ಮೇಲೆ. ಆ ಎರಡನೇ ವಾರ ಇಲ್ದಿದ್ರೆ ನಮ್ಮ ಗತಿ ಕಷ್ಟ ಇತ್ತು.

ಟಿಕೆಟ್ ಮುಂಚೆನೇ ಆನ್‌ಲೈನಲ್ಲಿ ತಗೊಳ್ಳಿ. ಎನ್‌ಇಸಿ ಶೋ ಸಾಮಾನ್ಯವಾಗಿ ಮೇ ತಿಂಗಳಲ್ಲಿ ಇರುತ್ತೆ, ಶುಕ್ರವಾರ ರಜೆ ಹಾಕೋಕಾದ್ರೆ ಶುಕ್ರವಾರವೇ ಹೋಗಿ, ಶನಿವಾರ ಜನ ಜಾಸ್ತಿ. ಡರ್ಬಿಯಿಂದ ಟ್ರೈನಾದ್ರೆ ಬರ್ಮಿಂಗ್‌ಹ್ಯಾಮ್ ನ್ಯೂ ಸ್ಟ್ರೀಟ್ ಸ್ಟೇಷನ್ನಲ್ಲಿ ಬದಲಾಯಿಸಿ ಬರ್ಮಿಂಗ್‌ಹ್ಯಾಮ್ ಇಂಟರ್‌ನ್ಯಾಷನಲ್‌ಗೆ ಬನ್ನಿ, ಸ್ಟೇಷನ್ನಿಂದ ಒಳಗೇ ನಡ್ಕೊಂಡು ಹೋಗ್ಬಹುದು. ಕಾರಲ್ಲಿ ಬಂದ್ರೆ ಪಾರ್ಕಿಂಗ್ ದುಡ್ಡೂ ಜಾಸ್ತಿ, ನಡೆಯೋದೂ ಜಾಸ್ತಿ. ಕಾರ್ ಸೀಟ್ ಯಾವ ಮಾಡೆಲ್ ಅಂತ ಗೊಂದಲ ಆದ್ರೆ ನಿಮ್ಮ ಕಾರು ಯಾವುದು, ಯಾವ ವರ್ಷದ್ದು ಅಂತ ಕೆಳಗೆ ಬರೀರಿ, ಹೇಳ್ತೀನಿ.